ಎರಡಡಿ ಅಗಲ, ನಾಲ್ಕಡಿ ಉದ್ದ

ನಮಾಜಿಗೆ ಎಷ್ಟು ಜಾಗ ಬೇಕು ಎಂದು ಯಾರಾದರೂ ಕೇಳಿದರೆ ನಾನು ನಮಾಜಿಗೆ ಹಾಸುವ ಜಾನಮಾಜಿನ ಅಳತೆ ಹೇಳಿಬಿಡುತ್ತೇನೆ. ಎರಡಡಿಗೆ ಚೂರು ಹೆಚ್ಚು ಅಗಲ, ನಾಲ್ಕಡಿಗೆ ಚೂರು ಕಡಿಮೆ ಉದ್ದ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಚದರಡಿಗೆ ಬಾಡಿಗೆ ಎಷ್ಟೆಂದು ಬಲ್ಲವರೂ ಅಷ್ಟಕ್ಕೆ ಗಾಬರಿಯಾಗಬೇಕಿಲ್ಲ. ಆದರೆ ಜಾನಮಾಜಿನ ಮೇಲೆ ನಿಲ್ಲುವವಳು ಹೆಂಗಸಾದರೆ ಆ ಎಂಟು ಚದರಡಿಯ ಸುತ್ತ ನಾಲ್ಕು ಗೋಡೆ, ಒಂದು ಬಾಗಿಲು, ಬಾಗಿಲಿಗೊಂದು ಚಿಲಕ, ಹತ್ತಿರದಲ್ಲೇ ಒಂದು ನಲ್ಲಿ ಬೇಕಾಗುತ್ತದೆ. ತಕರಾರು ಹುಟ್ಟುವುದು ಅಲ್ಲಿ.

ದಿನದ ಐದು ನಮಾಜುಗಳಲ್ಲಿ ಬೆಳಗಿನ ಫಜ್ರ್, ರಾತ್ರಿಯ ಇಶಾ ಎರಡೂ ಮನೆಯ ಪಾಲು. ಮಧ್ಯಾಹ್ನದ ಝುಹ್ರ್ ಬಲು ಉದಾರಿ. ಹನ್ನೆರಡೂವರೆಗೆ ಶುರುವಾದರೆ ನಾಲ್ಕು ದಾಟುವವರೆಗೂ ಕಾಯುತ್ತದೆ. ಅಸ್ರ್ ಸಂಜೆಯ ಕಾಫಿಯ ಜೊತೆಗೆ ಬರುತ್ತದೆ. ತಂಟೆಯೆಲ್ಲ ಮಗ್ರಿಬ್‌ನದು. ಸೂರ್ಯ ಮುಳುಗಿದ ಮೇಲೆ ಅದಕ್ಕಿರುವುದು ಒಂದು ಗಂಟೆ ಚಿಲ್ಲರೆ. ನವೆಂಬರ್ ಕೊನೆಯಲ್ಲಿ ಬೆಂಗಳೂರಿನ ಸೂರ್ಯ ಆರು ಹೊಡೆಯುವ ಮೊದಲೇ ಮನೆಗೆ ಹೋಗಿಬಿಡುತ್ತಾನೆ. ನಮಗೆ ಆ ಭಾಗ್ಯವಿಲ್ಲ. ಅಮೆರಿಕದವರು ಎದ್ದು ಹಲ್ಲುಜ್ಜಿ ಕಾಲ್‌ಗೆ ಬಂದು ಕೂರುವುದು ಸರಿಯಾಗಿ ಆ ಹೊತ್ತಿಗೇ.

ನನ್ನ ನಾನಿಗೆ, ಅಂದರೆ ಅಮ್ಮನ ಅಮ್ಮನಿಗೆ, ಈ ಫಜೀತಿ ಇರಲಿಲ್ಲ. ಅವಳು ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿದವಳು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದರೆ ಅದು ಅರಳಿ ಮಂಡಕ್ಕಿಯಾಗುತ್ತದೆ. ಈ ಸರಪಳಿಯಲ್ಲಿ ನಾನಿಯ ಪಾಲಿಗೆ ಬಂದದ್ದು ಒಣಗಿಸುವ ಕೆಲಸ. ಬಿಸಿಲಿನಲ್ಲಿ ಕಾಲಿನಿಂದಲೇ ಭತ್ತ ಸರಿಸುತ್ತ ಅಂಗಳದ ಈ ತುದಿಯಿಂದ ಆ ತುದಿಗೆ ನಡೆಯುವುದು. ಅಜಾನ್ ಕೇಳಿದರೆ ತೊಟ್ಟಿಯ ನೀರಲ್ಲಿ ಕೈಕಾಲು ಮುಖ ತೊಳೆದು ವಜೂ ಮಾಡಿ, ಒಗೆದಿಟ್ಟ ಗೋಣಿಚೀಲ ಹಾಸಿ, ಭತ್ತದ ಮೂಟೆಗಳ ಸಂದಿಯಲ್ಲಿ ನಿಂತುಬಿಡುವಳು. ಯಾರ ಅಪ್ಪಣೆಯನ್ನೂ ಕೇಳುತ್ತಿರಲಿಲ್ಲ. ಅಕ್ಕಪಕ್ಕದಲ್ಲಿ ದುಡಿಯುವವರೆಲ್ಲ ಹೆಂಗಸರೇ. ಒಬ್ಬಳು ನಮಾಜಿಗೆ ನಿಂತರೆ ಇನ್ನೊಬ್ಬಳು ಅವಳ ಪಾಲಿನ ಭತ್ತ ಸರಿಸುವಳು. ಹೊಗೆ, ಮಸಿ, ಉರಿಬಿಸಿಲು ಇದ್ದ ಆ ಜಾಗವನ್ನು ಹೊಗಳುವ ಆಸೆ ನನಗಿಲ್ಲ, ನಾನಿಯ ಕೆಮ್ಮು ಕೇಳಿದವರು ಯಾರೂ ಹೊಗಳಲಾರರು. ಮೂಟೆಯ ಸಂದಿ ಮಾತ್ರ ಅಲ್ಲಿ ಧಾರಾಳವಾಗಿತ್ತು.

ನಮ್ಮ ಆಫೀಸಿನಲ್ಲಿ ಸಂದಿಯೇ ಇಲ್ಲ. ಎಲ್ಲ ಗಾಜು. ಮೀಟಿಂಗ್ ಕೋಣೆಗಳಿಗೆ ಹಂಪಿ, ಕಬಿನಿ, ಆಗುಂಬೆ ಎಂದು ಚೆಂದದ ಹೆಸರಿಟ್ಟಿದ್ದಾರೆ. ಕಬಿನಿಯನ್ನು ಹದಿನೈದು ನಿಮಿಷ ಬುಕ್ ಮಾಡಿಕೊಂಡು, ಕ್ಯಾಲೆಂಡರಿನಲ್ಲಿ ‘ಪರ್ಸನಲ್’ ಎಂದು ಬರೆದು ಒಳಗೆ ಹೋದೆ. ಗಾಜಿನ ಕೆಳಭಾಗಕ್ಕೆ ಎದೆಮಟ್ಟದವರೆಗೆ ಮಂಜುಮಂಜಾದ ಹಾಳೆ ಅಂಟಿಸಿದ್ದರು. ನಿಂತಾಗ ಹೊರಗಿನವರಿಗೆ ನನ್ನ ತಲೆ ಕಾಣುತ್ತದೆ, ಹಣೆ ನೆಲಕ್ಕೆ ಮುಟ್ಟಿಸುವ ಸಜ್ದಾಕ್ಕೆ ಹೋದಾಗ ಮಾಯವಾಗುತ್ತದೆ, ಮತ್ತೆ ಮೇಲೇಳುತ್ತದೆ. ನಮಾಜಿನ ಎರಡನೇ ಸುತ್ತಿನ, ಅಂದರೆ ರಕಾತಿನ, ಹೊತ್ತಿಗೆ ಹೊರಗೆ ಇಬ್ಬರು ನಿಂತಿದ್ದರಂತೆ, ಮೇಡಂಗೆ ತಲೆಸುತ್ತು ಬಂದಿರಬೇಕು ಎಂದು ನೀರಿನ ಬಾಟಲಿ ಹಿಡಿದುಕೊಂಡು.

ಬೆಂಕಿ ಬಿದ್ದಾಗ ಇಳಿಯುವ ಮೆಟ್ಟಿಲುಗಳ ತಿರುವು ಇನ್ನೊಂದು ಜಾಗ. ಜನ ಬರುವುದಿಲ್ಲ, ನೆಲ ಶುಭ್ರ. ಆದರೆ ಅಲ್ಲಿಯ ದೀಪ ಮನುಷ್ಯ ಅಲುಗಾಡಿದರೆ ಮಾತ್ರ ಉರಿಯುವ ಜಾತಿಯದು. ಸಜ್ದಾದಲ್ಲಿ ನಾಲ್ಕು ಮಾತು ಹೆಚ್ಚಿಗೆ ಬೇಡಿಕೊಂಡರೆ ಕತ್ತಲು, ತಲೆ ಎತ್ತಿದರೆ ಬೆಳಕು. ದೇವರು ಒಪ್ಪಿಕೊಂಡ ಎಂದು ತಿಳಿಯುವ ಭೋಳೆತನ ಇದ್ದಿದ್ದರೆ ಚೆನ್ನಾಗಿತ್ತು. ಎದುರಿಗೆ ಯಾರೂ ಹಾದುಹೋಗದಂತೆ ಒಂದು ತಡೆ ಇಟ್ಟುಕೊಳ್ಳುವುದು ನಮ್ಮ ರೂಢಿ. ಪ್ರವಾದಿಯವರು ಬಯಲಿನಲ್ಲಿ ನಮಾಜಿಗೆ ನಿಂತಾಗ ಮುಂದೆ ಈಟಿ ನೆಡುತ್ತಿದ್ದರು, ನನ್ನದು ಲ್ಯಾಪ್‌ಟಾಪ್ ಚೀಲ. ಕೊನೆಯ ಸಲಾಮಿಗೆ ಬಲಕ್ಕೆ ಮುಖ ತಿರುಗಿಸಿದರೆ ಸೆಕ್ಯುರಿಟಿಯವರು ನಿಂತಿದ್ದಾರೆ. “ಮುಗಿಸ್ಕಳಿ ಮೇಡಂ, ಅವಸರ ಇಲ್ಲ. ಆದ್ರೆ ಇಲ್ಲಿ ಬ್ಯಾಗ್ ಇಡಂಗಿಲ್ಲ, ಕ್ಯಾಮೆರಾದಲ್ಲಿ ನೋಡಿ ನನ್ನನ್ನ ಬೈತಾರೆ” ಎಂದರು. ಅವರ ಮಾತು ನ್ಯಾಯವೇ. ಬೆಂಕಿ ಬಿದ್ದಾಗ ಓಡುವ ದಾರಿ ಖಾಲಿಯೇ ಇರಬೇಕು.

ಕ್ಯಾಮೆರಾ ಎಂದಾಗ ಮಾತ್ರ ಹೊಟ್ಟೆಯಲ್ಲಿ ಸಣ್ಣಗೆ ಚಳುಕು. 2022ರಲ್ಲಿ ಲಖನೌದ ಮಾಲ್ ಒಂದರಲ್ಲಿ ಕೆಲವರು ನಮಾಜು ಮಾಡಿದ ವಿಡಿಯೊ ಹರಿದಾಡಿ ಪೊಲೀಸ್ ಕೇಸಿನವರೆಗೆ ಹೋಯಿತು. ಅದೇ ವರ್ಷ ನಮ್ಮ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಹಮಾಲರು ದಣಿವಾರಿಸಿಕೊಳ್ಳುವ ಕೋಣೆಯ ನಮಾಜೂ ರಾದ್ಧಾಂತಕ್ಕೆ ಕಾರಣವಾಯಿತು. ಚಿಲಕ ಬೇಕು ಎನ್ನುವುದು ಬರೀ ನಾಚಿಕೆಯ ಮಾತಲ್ಲ, ಅಷ್ಟು ಹೇಳಿ ಮುಂದೆ ಹೋಗುತ್ತೇನೆ.

ವಜೂದ್ದು ಇನ್ನೊಂದು ಪುರಾಣ. ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು, ಇಷ್ಟನ್ನು ವಾಶ್‌ಬೇಸಿನ್ ಸಹಿಸಿಕೊಳ್ಳುತ್ತದೆ. ಪಾದ ತೊಳೆಯುವ ಸರದಿ ಬಂದಾಗ ಹೆಣ್ಣುಮಗಳು ಒಂದು ಕಾಲು ಬೇಸಿನ್ನಿಗೆ ಏರಿಸಿ, ಚೂಡಿದಾರ ಹಿಡಿದು, ಇನ್ನೊಂದು ಕಾಲಿನ ಮೇಲೆ ತೂಗಾಡುವ ಆ ಭಂಗಿಗೆ ಯೋಗಶಾಸ್ತ್ರದಲ್ಲಿ ಹೆಸರಿದ್ದಂತಿಲ್ಲ. ಸರಿಯಾಗಿ ಆಗಲೇ ಮೇಲಧಿಕಾರಿ ಲಿಪ್‌ಸ್ಟಿಕ್ ಸರಿಮಾಡಿಕೊಳ್ಳಲು ಬರುತ್ತಾರೆ. ಇದಕ್ಕೆ ಪರಿಹಾರ ಕಂಡುಹಿಡಿದವರು ಹೌಸ್‌ಕೀಪಿಂಗ್ ಅಕ್ಕ. ನೆಲ ಒದ್ದೆಯಾಗುವುದನ್ನು ದಿನಾ ಒರೆಸುತ್ತಿದ್ದವರು ಅವರೇ ತಾನೆ. “ಬನ್ನಿ ಮ್ಯಾಡಮ್, ಇಲ್ಲಿ ತೊಳ್ಕಳಿ. ಬೇಸಿನ್‌ಗೆ ಕಾಲೆತ್ತಿ ಬಿದ್ದುಗಿದ್ದೀರ” ಎಂದು ತಮ್ಮ ಪೊರಕೆ, ಮಾಪು, ಫಿನಾಯಿಲ್ ಇಡುವ ಕಿರುಕೋಣೆಯ ಬಾಗಿಲು ತೆರೆದರು. ಅಲ್ಲಿ ಬಕೆಟ್ ತುಂಬಿಸಲು ಮೊಣಕಾಲೆತ್ತರದಲ್ಲಿ ಒಂದು ನಲ್ಲಿ, ಕೆಳಗೆ ಮೋರಿ. ಆ ಕಟ್ಟಡದಲ್ಲಿ ಮನುಷ್ಯರ ಕಾಲಿಗಾಗಿಯೂ ಯೋಚಿಸಿದ್ದ ಏಕೈಕ ನಲ್ಲಿ ಅದು. ನನಗೆಂದೇ ಒಂದು ಹಸಿರು ಮಗ್ ತೊಳೆದು ಬೋರಲು ಹಾಕಿಟ್ಟಿರುತ್ತಾರೆ.

ಇನ್ನು ಜಾನಮಾಜು. ಹಜ್‌ಗೆ ಹೋಗಿಬಂದವರು ಖರ್ಜೂರ, ಝಮ್‌ಝಮ್ ನೀರಿನ ಜೊತೆ ಹಂಚುವ ಮಖಮಲ್ಲಿನ ಜಾನಮಾಜುಗಳು ನಮ್ಮ ಮನೆಯ ಕಪಾಟಿನಲ್ಲಿ ಗಂಟುಗಟ್ಟಲೆ ಇವೆ. ಆಫೀಸಿಗೆ ಅವು ಆಗಿಬರುವುದಿಲ್ಲ, ಊಟದ ಡಬ್ಬಿಗೆ ಜಾಗ ಉಳಿಯುವುದಿಲ್ಲ. ನನ್ನ ಚೀಲದಲ್ಲಿರುವುದು ಪ್ಯಾರಾಚೂಟ್ ಬಟ್ಟೆಯದು, ಮಡಚಿದರೆ ಅಂಗೈಯಷ್ಟು. ಮೂಲದಲ್ಲಿ ಜಾನಮಾಜು ಇದಕ್ಕಿಂತ ಸರಳವಾಗಿತ್ತು. ಪ್ರವಾದಿಯವರು ಖರ್ಜೂರದ ಗರಿಯ ಪುಟ್ಟ ಚಾಪೆಯ ಮೇಲೆ ನಮಾಜು ಮಾಡುತ್ತಿದ್ದರು ಎಂದು ತಿಳಿಸಿದವರು ಅವರ ಮಡದಿ ಮೈಮೂನಾ. ತಾನು ಮುಟ್ಟಾಗಿ ಪಕ್ಕದಲ್ಲೇ ಮಲಗಿರುತ್ತಿದ್ದೆ, ಸಜ್ದಾಕ್ಕೆ ಹೋದಾಗ ಅವರ ಬಟ್ಟೆ ತನಗೆ ತಾಗುತ್ತಿತ್ತು ಎಂದೂ ಅವರು ಸಂಕೋಚವಿಲ್ಲದೆ ಹೇಳಿದ್ದಾರೆ. ಆ ದಿನಗಳಲ್ಲಿ ನಮಗೆ ನಮಾಜಿನಿಂದ ರಜೆ. ಆಫೀಸಿನಲ್ಲಿ ಈ ರಜೆಯೂ ಪೇಚಿಗೆ ಸಿಕ್ಕಿಸುತ್ತದೆ. “ಏನು, ಈ ವಾರ ಪ್ರೇಯರ್ ಇಲ್ವಾ?” ಎಂದು ಪಕ್ಕದ ಸೀಟಿನ ಹುಡುಗ ಅಕ್ಕರೆಯಿಂದಲೇ ಕೇಳುತ್ತಾನೆ. ಏನೆಂದು ಹೇಳುವುದು! “ಡೆಡ್‌ಲೈನ್ ಇದೆಯಪ್ಪ” ಎನ್ನುತ್ತೇನೆ.

ಜಾನಮಾಜಿನ ಮೇಲೆ ನೇಯ್ದಿರುವ ಕಮಾನು ಮಸೀದಿಯ ಮಿಹ್ರಾಬ್, ಅಂದರೆ ಮೆಕ್ಕಾದ ದಿಕ್ಕು ತೋರುವ ಗೋಡೆಯ ಗೂಡು. ಕುರ್‌ಆನಿನ ಮೂರನೆಯ ಅಧ್ಯಾಯದಲ್ಲಿ ಮಿಹ್ರಾಬ್ ಬರುವುದು ಒಬ್ಬ ಹೆಂಗಸಿನ ಕತೆಯಲ್ಲಿ. ಬಾಲೆ ಮರ್ಯಮ್, ಅಂದರೆ ಯೇಸುವಿನ ತಾಯಿ ಮೇರಿ, ಅದರೊಳಗೆ ಒಬ್ಬಳೇ ಆರಾಧನೆಯಲ್ಲಿರುತ್ತಾಳೆ, ಅವಳ ಪೋಷಕ ಝಕರಿಯಾ ನೋಡಲು ಹೋದಾಗಲೆಲ್ಲ ಅವಳ ಬಳಿ ಆಹಾರ ಇರುತ್ತದೆ, ಎಲ್ಲಿಂದ ಬಂತು ಎಂದರೆ ದೇವರು ಕೊಟ್ಟ ಎನ್ನುತ್ತಾಳೆ. ತುರ್ಕಿಯ ಆಟೊಮನ್ ಮಸೀದಿಗಳಲ್ಲಿ ಮಿಹ್ರಾಬಿನ ನೆತ್ತಿಯ ಮೇಲೆ ಕೆತ್ತುತ್ತಿದ್ದುದು ಬಹುಮಟ್ಟಿಗೆ ಕುರ್‌ಆನಿನ ಈ ವಾಕ್ಯವನ್ನೇ. ಇನ್ನೂ ಸೊಗಸೆಂದರೆ, ವೆನಿಸ್ಸಿನ ಜೆಂಟೀಲೆ ಬೆಲ್ಲೀನಿ 15ನೇ ಶತಮಾನದ ಕೊನೆಯ ಭಾಗದಲ್ಲಿ ಬರೆದ ಮೇರಿ ಮತ್ತು ಬಾಲಯೇಸುವಿನ ಚಿತ್ರದಲ್ಲಿ ಮೇರಿಯ ಪೀಠದ ಕೆಳಗೆ ಹಾಸಿರುವುದು ಜಾನಮಾಜು. ಆಗ ಯುರೋಪಿನ ಸಿರಿವಂತರಿಗೆ ಪೂರ್ವದೇಶದ ಜಮಖಾನೆಯ ಹುಚ್ಚು. ಅಂದವಾಗಿ ಕಂಡದ್ದಕ್ಕೆ ಅವನು ಬರೆದಿರಬೇಕು. ಮರ್ಯಮ್‌ಳ ಕೋಣೆ ಹಾಗೆ ಅವಳ ಕಾಲಬುಡಕ್ಕೇ ಬಂದು ಬಿದ್ದಿದೆ. ಏಕಾಂತದಲ್ಲಿ ಪ್ರಾರ್ಥಿಸಲು ಹೆಂಗಸಿಗೊಂದು ಕೋಣೆ ಎಂಬುದು ಎಚ್‌ಆರ್ ವಿಭಾಗ ಬೆಚ್ಚಿಬೀಳುವಷ್ಟು ಹೊಸ ಬೇಡಿಕೆ ಅಲ್ಲವೆಂದು ನಾನು ವಾದಿಸುವುದು ಈ ಬಲದ ಮೇಲೆ.

ಜಾಗದ ಲೆಕ್ಕವನ್ನು ಕಲ್ಲಿನಲ್ಲೇ ಬರೆದಿಟ್ಟದ್ದನ್ನು ನೋಡಬೇಕಾದರೆ ವಿಜಯಪುರಕ್ಕೆ ಹೋಗಬೇಕು. ತಾಳಿಕೋಟೆಯ ಯುದ್ಧದ ಬಳಿಕ ಒಂದನೇ ಅಲಿ ಆದಿಲ್ ಶಾಹ ಕಟ್ಟಿಸತೊಡಗಿದ ಜಾಮಿಯಾ ಮಸೀದಿಯ ನೆಲದ ಮೇಲೆ ಕಪ್ಪು ಗೆರೆಗಳಿಂದ ಜಾನಮಾಜಿನ ಆಕಾರದ ಅಂಕಣಗಳನ್ನು ಎಳೆದಿದ್ದಾರೆ. ಒಟ್ಟು 2,250ರಷ್ಟು. 1686ರಲ್ಲಿ ಊರು ಗೆದ್ದ ಔರಂಗಜೇಬ ಇಲ್ಲಿಯ ಮಖಮಲ್ ಹಾಸುಗಳನ್ನು ಹೊತ್ತೊಯ್ದು, ಬದಲಿಗೆ ಈ ಗೆರೆ ಎಳೆಸಿದ ಎಂಬ ಮಾತಿದೆ. ಜನರೆಲ್ಲ 1636ರ ಬಂಗಾರದ ಮಿಹ್ರಾಬಿನ ಮುಂದೆ ಬಾಯಿಬಿಟ್ಟು ನಿಂತಿರುತ್ತಾರೆ, ನನ್ನ ಕಣ್ಣು ನೆಲದ ಮೇಲೇ. ಒಂದು ಅಂಕಣದೊಳಗೆ ನಿಂತು ನೋಡಿದೆ. ಕಾಲಿಗೂ ಹಣೆಗೂ ನಡುವೆ ಸರಿಯಾದ ಅಂತರ, ಮೊಣಕೈ ಪಕ್ಕದವರಿಗೆ ತಾಗದಷ್ಟು ಅಗಲ. ಒಬ್ಬ ಮನುಷ್ಯನಿಗೆ ಎಷ್ಟು ಬೇಕು ಎಂಬುದನ್ನು ಯಾರೋ ಅಳೆದು ಒಪ್ಪಿ ರುಜು ಹಾಕಿದ್ದಾರೆ.

ನಾನು ಎಚ್‌ಆರ್‌ನವರ ಬಳಿ ವಿಷಯ ಎತ್ತಿದಾಗ ಬಂದ ಉತ್ತರ, “ಶುಕ್ರವಾರ ಎರಡು ಗಂಟೆ ಬಿಡುವು ಕೊಟ್ಟಿದ್ದೀವಲ್ಲ.” ಶುಕ್ರವಾರದ ಜುಮಾ ಗಂಡಸರಿಗೆ ಕಡ್ಡಾಯ, ನಮಗಲ್ಲ. ನಮಗಿರುವುದು ದಿನದಿನದ ನಮಾಜು. ಗಂಡಸರಿಗೆ ಅನುಕೂಲ ಮಾಡಿದರೆ ಮುಸ್ಲಿಮರಿಗೆ ಮಾಡಿದ ಹಾಗಾಯಿತು ಎಂಬ ಲೆಕ್ಕ ಆಫೀಸಿನದು ಮಾತ್ರವೂ ಅಲ್ಲ. ಆಫೀಸಿನ ಹಿಂದಿನ ಬೀದಿಯಲ್ಲೇ ಒಂದು ಮಸೀದಿ ಇದೆ. ವಜೂವಿಗೆ ನೀರಿನ ಹೌಜು, ಫ್ಯಾನು, ಜಮಖಾನೆ ಎಲ್ಲ ಇವೆ, ಹೆಂಗಸರಿಗೆ ಜಾಗ ಇಲ್ಲ. ಹೆಂಗಸರು ಮಸೀದಿಗೆ ಹೋಗುತ್ತೇವೆಂದರೆ ತಡೆಯಬೇಡಿ ಎಂಬ ಪ್ರವಾದಿಯವರ ಹದೀಸು ಅಲ್ಲಿಯ ಇಮಾಮ್ ಹಜರತ್‌ಗೆ ನನಗಿಂತ ಚೆನ್ನಾಗಿ ಗೊತ್ತು. ಹೆಂಗಸರಿಗೂ ಮಸೀದಿಯೊಳಗೆ ಪ್ರವೇಶ ಕೇಳಿ ಪುಣೆಯ ದಂಪತಿಯೊಬ್ಬರು ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 2023ರಲ್ಲಿ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯೂ ಹೆಂಗಸರು ಮಸೀದಿಗೆ ಬರಬಹುದು ಎಂದೇ ಪ್ರಮಾಣಪತ್ರ ಕೊಟ್ಟಿತು. ಬರಬಹುದು ಸರಿ, ಬಂದು ಎಲ್ಲಿ ನಿಲ್ಲುವುದು? ಭೋಪಾಲವನ್ನು ಆಳಿದ ಶಾಹಜಹಾನ್ ಬೇಗಂ 19ನೇ ಶತಮಾನದಲ್ಲೇ ತಾಜ್-ಉಲ್-ಮಸಾಜಿದ್ ಕಟ್ಟಿಸಹೊರಟಾಗ ನಕ್ಷೆಯಲ್ಲಿ ಹೆಂಗಸರ ಜನಾನಾಕ್ಕೆ ಜಾಗ ತೆಗೆದಿಟ್ಟಳು. ಯಜಮಾನಿಕೆ ಹೆಂಗಸಿನದಾದರೆ ನಕ್ಷೆಯೇ ಬೇರೆ.

ಆಫೀಸಿನ ಕೆಲಸಕ್ಕೆ ಮಲೇಷ್ಯಾಕ್ಕೆ ಹೋದಾಗ ನೋಡಿದೆ, ಅಲ್ಲಿ ಪೆಟ್ರೋಲ್ ಬಂಕಿನಲ್ಲೂ ನಮಾಜಿನ ಕೋಣೆ. ಅವರು ಅದನ್ನು ಸುರಾವ್ ಎನ್ನುತ್ತಾರೆ. ಹೆಂಗಸರಿಗೆ ಬೇರೆ ಬಾಗಿಲು, ಒಳಗೆ ಗೂಟಕ್ಕೆ ನೇತುಹಾಕಿದ ಬಿಳಿಯ ನಿಲುವಂಗಿಗಳು. ಹಾಕಿಕೊಂಡು ನಮಾಜು ಮುಗಿಸಿ ಮತ್ತೆ ಅಲ್ಲೇ ನೇತುಹಾಕಿ ಹೋಗುವುದು. ಅದು ಮುಸ್ಲಿಮರೇ ಹೆಚ್ಚಿರುವ ದೇಶ, ಅದನ್ನು ಇಲ್ಲಿ ತಂದಿಡಿ ಎನ್ನುವುದು ಅಧಿಕಪ್ರಸಂಗವಾದೀತು. ನಮ್ಮ ಆಫೀಸು ಆಯುಧಪೂಜೆಯಲ್ಲಿ ಸರ್ವರ್‌ಗೂ ಕುಂಕುಮ ಇಡುವ ಆಫೀಸು. ಅಂದು ಹಂಚುವ ಪುರಿ, ಅಂದರೆ ಮಂಡಕ್ಕಿ, ನಾನೂ ತಿನ್ನುತ್ತೇನೆ. ಅದು ದಾವಣಗೆರೆ ಭಟ್ಟಿಯದೇ ಇದ್ದರೂ ಇರಬಹುದು.

ಕೊನೆಗೆ ನನ್ನ ಕೈಹಿಡಿದದ್ದು ಮಕ್ಕಳ ಹಾಲು. ತಾಯ್ತನದ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ, 50 ಮತ್ತು ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆ ಶಿಶುಪಾಲನಾ ಕೇಂದ್ರ ಬೇಕು ಎಂದಿತು. ಅದರ ಬೆನ್ನಿಗೇ ನಮ್ಮಲ್ಲಿ ತಾಯಂದಿರ ಕೋಣೆಯೂ ಒಂದಾಯಿತು. ಸೋಫಾ, ಚಿಕ್ಕ ಫ್ರಿಜ್ಜು, ಒಳಗಿನಿಂದ ಚಿಲಕ! ಬೆಂಗಳೂರಿನಿಂದ ಮೆಕ್ಕಾದ ದಿಕ್ಕು ಪಡುವಣದಿಂದ ಉತ್ತರಕ್ಕೆ 18 ಡಿಗ್ರಿಯಷ್ಟು ವಾಲುತ್ತದೆ, ಆ ಕೋಣೆಯಲ್ಲಿ ಅದು ಸರಿಯಾಗಿ ಫ್ರಿಜ್ಜಿನ ಮೂಲೆ. ಮೊದಲ ದಿನ ಒಳಗೆ ಎದೆಹಾಲು ತೆಗೆಯುತ್ತಿದ್ದ ಎಳೆಬಾಣಂತಿ, “ಬನ್ನಿ ಅಕ್ಕಾ, ನಾನು ಆ ಕಡೆ ತಿರುಗಿ ಕೂತ್ಕೋತೀನಿ, ನೀವು ನಿಮ್ಮದು ಮಾಡ್ಕೊಳ್ಳಿ” ಎಂದಳು. ನಾನು ಫ್ರಿಜ್ಜಿನ ಕಡೆ, ಅವಳು ಗೋಡೆಯ ಕಡೆ. ನಡುವೆ ಪಂಪಿನ ಚುಂಯ್ ಚುಂಯ್ ಸದ್ದು. ಈಗ ಬಾಗಿಲ ಮೇಲೆ ಒಂದು ಚೀಟಿ ಇದೆ, ಯಾರಿಗೆ ಯಾವ ಹೊತ್ತು ಎಂದು. ಮಂಗಳೂರು ಕಡೆಯ ಶಾಫಿ ಪಂಥದ ಗೆಳತಿಗೆ ಅಸ್ರ್ ಶುರುವಾಗುವುದು ಹನಫಿಯಾದ ನನಗಿಂತ ಸುಮಾರು ಒಂದು ಗಂಟೆ ಮೊದಲೇ, ಹಾಗಾಗಿ ನಮ್ಮಿಬ್ಬರ ನಡುವೆ ಬಾಣಂತಿಗೆ ಆರಾಮಾಗಿ ಹೊತ್ತು ಸಿಗುತ್ತದೆ. ಸಾವಿರ ವರ್ಷಗಳ ಹಿಂದಿನ ಇಮಾಮರ ಭಿನ್ನಾಭಿಪ್ರಾಯ ಹೀಗೆ ಒಂದು ಕೂಸಿನ ಹಾಲಿಗೆ ಅನುಕೂಲವಾಗಿದೆ. ಅರೆತಲೆನೋವಿನವರು, ಗಂಡನೊಡನೆ ಫೋನಿನಲ್ಲಿ ಜಗಳ ಮುಗಿಸಬೇಕಾದವರು, ಮಧ್ಯಾಹ್ನ ವಿಷ್ಣು ಸಹಸ್ರನಾಮ ಹೇಳಿಕೊಳ್ಳುವ ಅಕೌಂಟ್ಸ್ ಮೇಡಂ, ಇವರೂ ಚೀಟಿಯಲ್ಲಿದ್ದಾರೆ.

ಓದುಗರಲ್ಲಿ ಹೊಸ ಆಫೀಸಿನ ನಕ್ಷೆಗೆ ರುಜು ಹಾಕುವವರು ಯಾರಾದರೂ ಇದ್ದರೆ ಒಂದು ಅರ್ಜಿ. ಒಂದೇ ಒಂದು ಕೋಣೆಗೆ ಗಾಜಿನ ಬದಲು ಗೋಡೆ ಕಟ್ಟಿಸಿ. ಬಾಗಿಲಿಗೆ ಒಳಗಿನಿಂದ ಚಿಲಕ, ಪಕ್ಕದಲ್ಲಿ ಮೊಣಕಾಲೆತ್ತರಕ್ಕೆ ಒಂದು ನಲ್ಲಿ ಇರಲಿ. ಬಾಗಿಲ ಮೇಲೆ ಯಾವ ಧರ್ಮದ ಹೆಸರೂ ಬೇಡ, ಬಾಣ ಬರೆದು ದಿಕ್ಕು ತೋರಿಸುವುದೂ ಬೇಡ, ಅದನ್ನು ನಾವು ಹುಡುಕಿಕೊಳ್ಳುತ್ತೇವೆ. ಹಿಂದಿನ ಬೀದಿಯ ಮಸೀದಿ ಕಮಿಟಿಯವರಿಗೂ ಇದೇ ಅರ್ಜಿ. ಅವರಲ್ಲಿ ದಿಕ್ಕೂ ಇದೆ, ನೀರೂ ಇದೆ. ಒಂದು ಬಾಗಿಲು ಮಾಡಿಸಿದರೆ ಆಯಿತು.