ಎರಡು ಪೇಢೆ

2019ರ ಡಿಸೆಂಬರ್ 6, ಶುಕ್ರವಾರ. ದಾದರಿನಲ್ಲಿ ಚೈತ್ಯಭೂಮಿಗೆ ಹೊರಟವರ ಜನಸಾಗರ. ಅದರಲ್ಲಿ ನುಗ್ಗಿ ಬ್ರಾಂಚು ಸೇರುವಷ್ಟರಲ್ಲಿ ಅರ್ಧ ಗಂಟೆ ತಡವಾಗಿತ್ತು. ಒಳಗೆ ನಮ್ಮ ಕ್ಯಾಷಿಯರ್ ಪೇಢೆಯ ಡಬ್ಬ ಹಿಡಿದು ನಿಂತಿದ್ದ. ಮಗಳ ಮದುವೆ ಗೊತ್ತಾಯಿತೇನೋ ಅಂದುಕೊಂಡೆ. "ಹೈದರಾಬಾದಿನ ಸುದ್ದಿ ನೋಡಿಲ್ಲವಾ ಸಾಹೇಬ್? ನಾಲ್ಕೂ ಜನ ಖಲಾಸ್!" ಅಂದ. ಪಶುವೈದ್ಯೆಯೊಬ್ಬಳ ಮೇಲೆ ಅತ್ಯಾಚಾರ ಮಾಡಿ ಕೊಂದು ಸುಟ್ಟ ಆರೋಪದ ಮೇಲೆ ಹಿಡಿದಿದ್ದ ನಾಲ್ವರನ್ನು ಪೊಲೀಸರು ನಸುಕಿನಲ್ಲಿ ಗುಂಡಿಟ್ಟು ಕೊಂದಿದ್ದರು. ಜನ ಪೊಲೀಸರ ಮೇಲೆ ಹೂವು ಎರಚುತ್ತಿದ್ದರು. ಸುಳ್ಳೇಕೆ ಹೇಳಲಿ, ನಾನು ಒಂದಲ್ಲ, ಎರಡು ಪೇಢೆ ತಿಂದೆ.

ತಿನ್ನಲಿಕ್ಕೆ ನನಗೆ ಕಾರಣವೂ ಇತ್ತು ಅನ್ನಿ. ನಾನು ಹೊನ್ನಾವರ ಸೀಮೆಯವನು. ಹಳದೀಪುರ ನಮಗೆ ದೂರವಲ್ಲ. ಅಲ್ಲಿಂದ ನರ್ಸ್ ಕೆಲಸಕ್ಕೆಂದು ಮುಂಬಯಿಗೆ ಬಂದ ಅರುಣಾ ಶಾನಭಾಗ ಅವರ ಕಥೆ ಕೇಳುತ್ತಲೇ ದೊಡ್ಡವರಾದವರು ನಾವು. 1973ರ ನವೆಂಬರಿನಲ್ಲಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲೇ ಅಲ್ಲಿನ ಒಬ್ಬ ಕೆಲಸಗಾರ ನಾಯಿಯ ಸರಪಳಿಯನ್ನು ಅವರ ಕುತ್ತಿಗೆಗೆ ಬಿಗಿದು ಹಲ್ಲೆ ಮಾಡಿದ. ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ 2015ರ ಮೇ 18ರವರೆಗೆ, ಹೆಚ್ಚುಕಮ್ಮಿ 42 ವರ್ಷ, ಅವರು ಮಲಗಿಯೇ ಇದ್ದರು. ನಾನು ಮುಂಬಯಿಗೆ ಹೊರಟಾಗ ಆಯಿ ಹೇಳಿದ್ದು ಒಂದೇ ಮಾತು: "ಆ ಆಸ್ಪತ್ರೆ ಎದುರು ಹೋದ್ರೆ ಒಂದು ಕೈ ಮುಗಿ ಮಾರಾಯ."

ಮಾಡಿದವನಿಗೆ ಏನಾಯಿತು? ದರೋಡೆ ಮತ್ತು ಕೊಲೆಯತ್ನಕ್ಕೆ ಏಳು ವರ್ಷ ಜೈಲು. ಲೈಂಗಿಕ ಹಲ್ಲೆಯ ಆರೋಪವೇ ಅವನ ಮೇಲೆ ಬರಲಿಲ್ಲ. ಅವನು ಮಾಡಿದ್ದು ಅಂದಿನ ಕಾನೂನಿನ ಅತ್ಯಾಚಾರದ ವ್ಯಾಖ್ಯೆಯೊಳಗೆ ಬರುತ್ತಲೂ ಇರಲಿಲ್ಲ. ಆ ವ್ಯಾಖ್ಯೆ ಅಗಲವಾಗಿದ್ದು 2013ರಲ್ಲಿ, ದೆಹಲಿಯ ಬಸ್ಸಿನ ಘಟನೆ ನಡೆದ ಮೇಲೆ. ಅತ್ಯಾಚಾರಕ್ಕೆ ಒಳಗಾದವಳು ಜೀವಚ್ಛವವಾದರೆ ಕನಿಷ್ಠ 20 ವರ್ಷ ಶಿಕ್ಷೆ ಎಂದು ಆಗಲೇ ಸೇರಿಸಿದರು. ಹಾಗಾಗಿ ಕಾನೂನು ಬಿಗಿಯಾಗಬೇಕಾಗಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವವನಲ್ಲ.

ನನ್ನದೂ ಒಂದು ಪಾಪದ ಲೆಕ್ಕವಿದೆ. 1996ರಲ್ಲಿ ನಾನಿನ್ನೂ ಕ್ಲರ್ಕ್. ನಮ್ಮ ಟೈಪಿಸ್ಟ್ ಹುಡುಗಿಯೊಬ್ಬಳು ಮ್ಯಾನೇಜರ್ ಕೈ ಹಿಡಿದೆಳೆದರೆಂದು ಅಳುತ್ತ ಹೇಳಿಕೊಂಡಳು. ವಾರದೊಳಗೆ ವರ್ಗವಾಯಿತು, ಅವಳಿಗೆ. "ಆಡಳಿತಾತ್ಮಕ ಕಾರಣಗಳಿಗಾಗಿ" ಎಂಬ ಒಕ್ಕಣೆಯ ಕರಡು ಬರೆದವನು ನಾನೇ, ಅಕ್ಷರ ಚೆನ್ನಾಗಿದೆ ಅಂತ. ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂದಿದ್ದು ಮರುವರ್ಷ. ಅವಳನ್ನು ಕರೆದು ಏನಾಯಿತು ಎಂದು ಕೂತು ಕೇಳಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಆ ಮ್ಯಾನೇಜರನ್ನೂ ಯಾರೂ ಕೇಳಲಿಲ್ಲ ಎನ್ನುವುದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ.

ಹೇಗೆ ಹೊಳೆಯಿತು ಎಂದರೆ, 2013ರ ಕಾಯ್ದೆ ಬಂದ ನಂತರ ಪ್ರತಿ ಕಚೇರಿಯಲ್ಲೂ ಆಂತರಿಕ ಸಮಿತಿ ಬಂತು. ಅಧ್ಯಕ್ಷೆ ಹಿರಿಯ ಮಹಿಳೆಯೇ ಆಗಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರು, ಹೊರಗಿನಿಂದ ಒಬ್ಬರು. ಅಂಥದೊಂದು ಸಮಿತಿಯಲ್ಲಿ ನಾನೂ ಒಬ್ಬ. ಒಂದು ದೂರು ಬಂತು. (ಗುಟ್ಟು ಕಾಯಬೇಕೆಂದು ಕಾನೂನೇ ಹೇಳುತ್ತದೆ. ಆದ್ದರಿಂದ ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ, ವರ್ಷ ಹೇಳುವುದಿಲ್ಲ.) ದೂರು ಕೊಟ್ಟವಳು ಹೊಸದಾಗಿ ಸೇರಿದ ಹುಡುಗಿ. ದೂರಿಗೆ ಒಳಗಾದವನು ಸಭ್ಯನೆಂದು ಹೆಸರಾದ ಆಫೀಸರ್. ಮೊದಲ ಸಭೆಯಲ್ಲಿ ನಾನು ಜಾಣನಂತೆ ಹೇಳಿದೆ: "ದೂರಿನ ಪ್ರತಿ ಈಗಲೇ ಕೊಡೋದು ಬೇಡ. ಕೊಟ್ಟರೆ ಅವನು ಕಥೆ ಕಟ್ಟಿಕೊಂಡು ಬರ್ತಾನೆ. ಬಾಯಲ್ಲೇ ಕೇಳಿಬಿಡೋಣ." ಟೈಪಿಸ್ಟಿಗೆ ಆದ ಅನ್ಯಾಯವನ್ನು ಇವನಿಂದ ವಸೂಲಿ ಮಾಡಲು ಹೊರಟಿದ್ದೆನೋ ಏನೋ.

ಹೊರಗಿನ ಸದಸ್ಯೆ, ಮಹಿಳೆಯರ ಪರವಾಗಿಯೇ ತಲೆ ನೆರೆಸಿಕೊಂಡ ಮರಾಠಿ ಹೆಂಗಸು, ಕನ್ನಡಕದ ಮೇಲಿನಿಂದ ನೋಡಿದರು. "ನಿಮ್ಮಲ್ಲಿ ಕ್ಯಾಷಿನಲ್ಲಿ ಐನೂರು ರೂಪಾಯಿ ಕಮ್ಮಿಯಾದರೆ ಚಾರ್ಜ್‌ಶೀಟ್ ಕೊಡ್ತೀರೋ ಇಲ್ಲವೋ?" ಕೊಡ್ತೇವೆ ಎಂದೆ. "ಇಲ್ಲಿ ಒಬ್ಬ ಮನುಷ್ಯನ ಮಾನ ಅದಕ್ಕಿಂತ ಕಮ್ಮಿಯಾ?" ಏಳು ಕೆಲಸದ ದಿನದೊಳಗೆ ಪ್ರತಿ, ಉತ್ತರಕ್ಕೆ ಹತ್ತು ಕೆಲಸದ ದಿನ, ವಕೀಲರು ಬೇಡ, 90 ದಿನದಲ್ಲಿ ವಿಚಾರಣೆ ಮುಗಿಯಬೇಕು. ಎಲ್ಲ ನಿಯಮದಲ್ಲೇ ಬರೆದಿತ್ತು. ಸಾಲದ ಸುತ್ತೋಲೆಯನ್ನು ಅಡಿಟಿಪ್ಪಣಿ ಸಮೇತ ಓದುವ ನಾನು ಇದನ್ನು ಓದಿಯೇ ಇರಲಿಲ್ಲ!

ಅವನು 22 ಪ್ರಶ್ನೆ ಬರೆದು ಕೊಟ್ಟ. ಹುಡುಗಿಯ ಉಡುಪು, ಯಾರ ಜೊತೆ ಚಹಾ ಕುಡಿಯುತ್ತಾಳೆ ಎಂಬ ಮೂರನ್ನು ಆ ತಾಯಿ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದರು. ಉಳಿದ 19 ಪ್ರಶ್ನೆಗಳನ್ನು, ಅವನನ್ನು ಎದುರಿಗೆ ಕೂರಿಸದೆ, ಹುಡುಗಿಗೆ ಕೇಳಿದೆವು. ಅವುಗಳಲ್ಲೊಂದು ನಮ್ಮನ್ನು ಕಂಗಾಲು ಮಾಡಿತು. ಘಟನೆ ಮಂಗಳವಾರದ್ದು ಎಂದು ದೂರಿನಲ್ಲಿತ್ತು. ಹಾಜರಿ ಪುಸ್ತಕದಲ್ಲಿ ಆ ಮಂಗಳವಾರ ಅವನಿಗೆ ರಜೆ. ಹುಡುಗಿ ತುಂಬ ಹೊತ್ತು ಸುಮ್ಮನಿದ್ದು, "ಬುಧವಾರ ಇರಬಹುದು. ಆ ವಾರ ನನಗೆ ನಿದ್ದೆಯೇ ಇರಲಿಲ್ಲ ಸರ್" ಅಂದಳು.

ಪ್ರತಿ ಕೊಡದೆ ಇದ್ದಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ. ಬಂದಿದ್ದರಿಂದ ಹುಡುಗಿ ಸುಳ್ಳುಗಾತಿಯಾದಳೇ? ಕ್ಯಾಂಟೀನಿನಲ್ಲಿ ಅಷ್ಟು ಹೊತ್ತಿಗೆ ಎರಡು ಪಕ್ಷವಾಗಿತ್ತು. ಒಂದು ಪಕ್ಷಕ್ಕೆ ದೂರು ಬಂದರೆ ಸಾಕು, ಆತ ಅಪರಾಧಿ. ಇನ್ನೊಂದಕ್ಕೆ ಒಂದು ತಾರೀಖು ತಪ್ಪಿದರೆ ಸಾಕು, ಆಕೆ ಸುಳ್ಳಿ. ಕಾಯ್ದೆ ಮಾತ್ರ ಇವರಿಬ್ಬರಿಗಿಂತ ಬುದ್ಧಿವಂತ. ದುರುದ್ದೇಶದ ಸುಳ್ಳು ದೂರಿಗೆ ಶಿಕ್ಷೆ ಉಂಟು, ಆದರೆ ರುಜುವಾತು ಮಾಡಲಾಗಲಿಲ್ಲ ಎಂದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ ಎನ್ನುತ್ತದೆ. ನಮಗೆ ಬ್ಯಾಂಕಿನವರಿಗೆ ಇದು ಅರ್ಥವಾಗಬೇಕು ನೋಡಿ. ವೋಚರ್ ಸಿಗಲಿಲ್ಲ ಎನ್ನುವುದು ಬೇರೆ, ವೋಚರ್ ತಿದ್ದಿದ್ದಾರೆ ಎನ್ನುವುದು ಬೇರೆ.

ಪೇಢೆಯ ವಿಷಯಕ್ಕೆ ಬರುತ್ತೇನೆ. 2022ರಲ್ಲಿ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿ ಹೊರಬಂತು. ಪೊಲೀಸರು ಸಾಯಲೆಂದೇ ಗುಂಡು ಹಾರಿಸಿದ್ದಾರೆ, ಸತ್ತ ನಾಲ್ವರಲ್ಲಿ ಮೂವರು ಇನ್ನೂ ಅಪ್ರಾಪ್ತರು ಎಂದು ಅದರಲ್ಲಿತ್ತು. ಅವರು ತಪ್ಪು ಮಾಡಿದ್ದರೋ ಇಲ್ಲವೋ, ಇನ್ನು ಯಾವ ಕೋರ್ಟೂ ಹೇಳುವಂತಿಲ್ಲ. ಸತ್ತ ಆ ಹುಡುಗಿಯ ಪಾಲಿಗೂ ಲೆಕ್ಕ ಅರ್ಧಕ್ಕೇ ಮುಚ್ಚಿತು. ದೆಹಲಿಯ ಘಟನೆಯ ಮೇಲೆ ದೇಶವೇ ನೇಣು ನೇಣು ಎಂದು ಕೂಗುತ್ತಿದ್ದಾಗ ನ್ಯಾಯಮೂರ್ತಿ ವರ್ಮಾ ಸಮಿತಿ 2013ರ ಜನವರಿಯಲ್ಲಿ ಕಾನೂನು ಬಿಗಿ ಮಾಡಲು ಹೇಳಿ, ಅತ್ಯಾಚಾರಕ್ಕೆ ಗಲ್ಲು ಮಾತ್ರ ಬೇಡ ಎಂದಿತ್ತು. ಆಗ ನನಗೆ ಸಿಟ್ಟು ಬಂದಿತ್ತು. ಕೊಲೆಗೂ ಇದಕ್ಕೂ ಒಂದೇ ಶಿಕ್ಷೆಯಾದರೆ ಮಾಡಿದವನು ಸಾಕ್ಷಿಯನ್ನು ಯಾಕೆ ಉಳಿಸುತ್ತಾನೆ ಎನ್ನುವುದು ಆಗ ತಲೆಗೆ ಹೋಗಿರಲಿಲ್ಲ.

ನಮ್ಮ ಸಮಿತಿ ವರದಿ ಕೊಟ್ಟಿತು. ನಾನೂ ಸಹಿ ಹಾಕಿದೆ. ಸಹಿ ಹಾಕುವಾಗ ಕೈ ನಡುಗಿದ್ದು ಆವತ್ತೇ ಮೊದಲು; ಕೋಟಿಗಟ್ಟಲೆ ಸಾಲ ಮಂಜೂರು ಮಾಡುವಾಗಲೂ ಹಾಗಾಗಿರಲಿಲ್ಲ. ಏನು ಬರೆದೆವು ಎಂದು ಇಲ್ಲಿ ಹೇಳುವಂತಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಕೇಳಿದಳು, "ರೀ, ಅವನು ಮಾಡಿದ್ದು ಹೌದೇನು?"

"ಅದೆಲ್ಲ ಹೇಳೋ ಹಾಗಿಲ್ಲ ಮಾರಾಯ್ತಿ" ಅಂದೆ.

"ಹೇಳೋ ಹಾಗಿಲ್ಲವೋ, ನಿಮಗೇ ಗೊತ್ತಿಲ್ಲವೋ?"

ಮಜ್ಜಿಗೆ ಬಡಿಸು ಅಂದೆ.