ಸಮನ್ಸ್ ಬಂದ ಮನೆ

ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ನೆಂಟರು ಹಣ್ಣು ಹಿಡಿದುಕೊಂಡು ಬರುತ್ತಾರೆ. ಸಾವು ಸಂಭವಿಸಿದರೆ ಓಣಿಯೇ ಬಂದು ಕೂರುತ್ತದೆ. ಬೆಳೆ ಹೋದರೆ, ವ್ಯಾಪಾರ ಮುಳುಗಿದರೆ ಸಮಾಧಾನ ಹೇಳುವವರು ನಾಲ್ಕು ಜನ ಸಿಕ್ಕೇ ಸಿಗುತ್ತಾರೆ. ಆದರೆ ಮನೆಯ ಮಗನೊಬ್ಬನ ಹೆಸರಿಗೆ ನ್ಯಾಯಾಲಯದಿಂದ ಸಮನ್ಸ್ ಬಂದರೆ ನಾವೇ ಎದ್ದು ಮುಂಬಾಗಿಲು ಹಾಕಿಕೊಳ್ಳುತ್ತೇವೆ. ಅದನ್ನು ಕಷ್ಟವೆಂದು ಹೇಳಿಕೊಳ್ಳುವ ಅಧಿಕಾರವೇ ತಮಗಿಲ್ಲವೆಂದು ಆ ಮನೆಯವರು ಭಾವಿಸುತ್ತಾರೆ. ತಪ್ಪು ಮಾಡಿದವನಿಗಾಗಿ ಮರುಗಿದರೆ ತಪ್ಪನ್ನೇ ಮನ್ನಿಸಿದಂತಾದೀತೆಂಬ ಅಂಜಿಕೆ. ಈ ಅಂಜಿಕೆಯನ್ನು ಕುರಿತು ಕೆಲವು ಮಾತು ಬರೆಯಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆವು. ನಮ್ಮ ತಮ್ಮನ ಮನೆಯವರ, ಮುಖ್ಯವಾಗಿ ಆ ಹುಡುಗನ, ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ.

ತಮ್ಮನ ಹಿರಿಯ ಮಗನಿಗೆ ಆಗ 26 ವರ್ಷ. ಹುಬ್ಬಳ್ಳಿಯಲ್ಲಿ ಔಷಧ ಕಂಪನಿಯೊಂದರ ಪ್ರತಿನಿಧಿ. ಬೆಳಗಾದರೆ ಬೈಕು ಏರಿ ಕುಂದಗೋಳ, ನವಲಗುಂದ, ಕಲಘಟಗಿ ಎಂದು ವೈದ್ಯರ ಬಾಗಿಲಿಂದ ಬಾಗಿಲಿಗೆ ತಿರುಗುವ ಉದ್ಯೋಗ. 2024ರ ಡಿಸೆಂಬರಿನ ಒಂದು ರಾತ್ರಿ ಗೆಳೆಯನೊಬ್ಬನ ಔತಣ ಮುಗಿಸಿ ಮರಳುವಾಗ ಪೊಲೀಸರು ತಡೆದು ಉಸಿರು ಪರೀಕ್ಷೆಯ ಯಂತ್ರಕ್ಕೆ ಊದಿಸಿದರು. ಕಾನೂನು ಹಾಕಿದ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಮದ್ಯಸಾರ. ಯಂತ್ರ ತೋರಿಸಿದ್ದು ಅದನ್ನು ಮೀರಿತ್ತು. ಗಾಡಿ ಠಾಣೆಯಲ್ಲಿ ಉಳಿಯಿತು. ಲೈಸೆನ್ಸು ತೆಗೆದುಕೊಂಡು ರಸೀದಿ ಕೊಟ್ಟರು. ಹುಡುಗ ಆಟೋದಲ್ಲಿ ಮನೆ ಸೇರಿದ. ಯಾರಿಗೂ ಪೆಟ್ಟಾಗಿರಲಿಲ್ಲವೆಂಬುದೊಂದೇ ಸಮಾಧಾನ.

ನಮ್ಮ ಮನೆತನದಲ್ಲಿ ಮದ್ಯ ಹೊಸಿಲು ದಾಟಿ ಒಳಗೆ ಬಂದುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಆ ಹುಡುಗನ ಬಾಯಿ ಕಟ್ಟಿದ್ದು ಇದೇ ಸಂಗತಿಯಾದ್ದರಿಂದ ಹೇಳುತ್ತಿದ್ದೇವೆ. 'ಗಾಡಿ ರಿಪೇರಿಗೆ ಬಿಟ್ಟೀನಿ' ಎಂದು ತಾಯಿಗೆ ಹೇಳಿ ಮೂರು ವಾರ ಬಸ್ಸಿನಲ್ಲಿ ತಿರುಗಿದ. ಊಟ ಕಡಿಮೆಯಾಯಿತು. ಮನೆಯಲ್ಲಿ ಪೂಜೆಗೆ ಎಲ್ಲರ ಜೊತೆ ಕೂರುವುದನ್ನು ಬಿಟ್ಟ. ರಾತ್ರಿ ಎರಡು ಗಂಟೆಗೆ ಪಡಸಾಲೆಯಲ್ಲಿ ಅಡ್ಡಾಡುವ ಸಪ್ಪಳ ಕೇಳಿ ತಾಯಿ ಹೊಟ್ಟೆನೋವೆಂದು ತಿಳಿದು ಜೀರಿಗೆ ಕಷಾಯ ಮಾಡಿಕೊಟ್ಟಳು. ಜನವರಿಯಲ್ಲಿ ಸಮನ್ಸ್ ಬಂದಾಗ ಬಾಗಿಲಲ್ಲಿ ನಿಂತು ಅದನ್ನು ಕೈಗೆ ತೆಗೆದುಕೊಂಡವಳೂ ಅವಳೇ. ಸಂಕ್ರಾಂತಿ ಮುಗಿದ ಮೇಲೆ ನಿಶ್ಚಿತಾರ್ಥ ಮಾಡಬೇಕೆಂದು ಹಾವೇರಿ ಕಡೆಯ ಒಂದು ಮನೆತನದೊಂದಿಗೆ ಮಾತಾಗಿತ್ತು ಎಂಬುದನ್ನು ಇಲ್ಲಿ ಸೇರಿಸಿದರೆ ಆ ಮನೆಯ ಸ್ಥಿತಿ ಓದುಗ ಬಂಧುಗಳಿಗೆ ಅರ್ಥವಾದೀತು.

ತಮ್ಮ ನಮ್ಮನ್ನು ಕರೆಸಿದ. ನಾವು ಹೋಗುವ ಹೊತ್ತಿಗೆ ಎರಡು ಬಗೆಯ ಸಮಾಧಾನಗಾರರು ಬಂದುಹೋಗಿದ್ದರು. ಸೋದರಮಾವನೊಬ್ಬ, 'ಏನ್ ದೊಡ್ಡ ಮಾತಲ್ಲ ಬಿಡ್ರಿ, ಇವತ್ತ ಯಾರ ಕುಡಿಯೂದಿಲ್ಲ? ಇಂವ ಸಿಕ್ಕಬಿದ್ದ, ಅಷ್ಟ' ಎಂದಿದ್ದ. ಹಿರಿಯರೊಬ್ಬರು, ಮನೆತನದ ಮಾನ ಹರಾಜಾಯಿತೆಂದು ಒಂದು ತಾಸು ಉಪದೇಶ ಮಾಡಿದ್ದರು. ಇಬ್ಬರೂ ಹೋದ ಮೇಲೆ ಹುಡುಗನ ಸ್ಥಿತಿ ಇನ್ನಷ್ಟು ಕೆಟ್ಟಿತ್ತು. ಮೊದಲನೆಯವನ ಮಾತನ್ನು ಅವನ ಅಂತಃಕರಣ ಒಪ್ಪಲಿಲ್ಲ, ಎರಡನೆಯವರ ಮಾತನ್ನು ಅದು ಮೊದಲೇ ನೂರು ಸಲ ಹೇಳಿಕೊಂಡಿತ್ತು. ತಪ್ಪು ತಿಳಿದವನಿಗೆ ತಪ್ಪಿಲ್ಲವೆನ್ನುವುದೂ, ತಪ್ಪನ್ನೇ ಮತ್ತೆ ಮತ್ತೆ ತೋರಿಸುವುದೂ ನಮ್ಮ ದೃಷ್ಟಿಯಲ್ಲಿ ಒಂದೇ ಬಗೆಯ ನಿರ್ದಯೆ. 'ದೊಡ್ಡಪ್ಪ, ಕಣ್ಣು ಮುಚ್ಚಿದ್ರ ಕಟಕಟಿನ ಕಾಣಿಸ್ತೈತಿ' ಎಂದ ಅವನು. ಅಷ್ಟು ಹೇಳಿ ಸುಮ್ಮನಾದ.

ನಮಗೆ ತೋಚಿದ್ದು ಒಂದೇ ಉಪಾಯ. ಒಂದು ಹಾಳೆ ಕೊಟ್ಟು, ಏನೇನು ಆಗಬಹುದೆಂದು ಹೆದರಿದ್ದೀಯೋ ಅದನ್ನೆಲ್ಲ ಬರೆ, ನಾಚಿಕೊಳ್ಳಬೇಡ ಎಂದೆವು. ಹನ್ನೊಂದು ಭಯ ಬರೆದ. ಜೈಲು, ಲೈಸೆನ್ಸು ಜೀವಮಾನಪೂರ್ತಿ ಹೋಗುವುದು, ಗಾಡಿಯ ಹರಾಜು, ಪತ್ರಿಕೆಯಲ್ಲಿ ಫೋಟೋ, ಕೆಲಸ, ಅಪ್ಪನ ರಕ್ತದೊತ್ತಡ, ಮದುವೆ, ತಂಗಿಯ ಮದುವೆ, ಹೀಗೆ. ಆ ಹಾಳೆಯನ್ನು ಹಿಡಿದುಕೊಂಡೇ ಮರುದಿನ ಪರಿಚಯದ ವಕೀಲರ ಬಳಿಗೆ ಹೋದೆವು. ಅವರು ಓದಿ, ನಗಲಿಲ್ಲ. ಪೆನ್ನು ತೆಗೆದು ಒಂದೊಂದಾಗಿ ನೋಡುತ್ತ ಹೋದರು.

ಅವರು ತಿಳಿಸಿದ್ದು ಇಷ್ಟು. 1988ರ ಮೋಟಾರು ವಾಹನ ಕಾಯ್ದೆಯ ಕಲಂ 185ರ ಕೆಳಗೆ ಈ ಅಪರಾಧ ಬರುತ್ತದೆ. ಹಿಂದೆ ಮೊದಲ ಸಲದ ತಪ್ಪಿಗೆ ದಂಡ 2,000 ರೂಪಾಯಿಯವರೆಗೆ ಇತ್ತು; 2019ರ ತಿದ್ದುಪಡಿ ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಾಗ ಅದು 10,000 ರೂಪಾಯಿಗೆ ಏರಿತು. ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡನ್ನೂ ವಿಧಿಸುವ ಅಧಿಕಾರ ನ್ಯಾಯಾಧೀಶರಿಗಿದೆ. ಹೆಲ್ಮೆಟ್ ಇಲ್ಲದ ತಪ್ಪಿನಂತೆ ಪೊಲೀಸರೇ ಸ್ಥಳದಲ್ಲಿ ದಂಡ ಕಟ್ಟಿಸಿಕೊಂಡು ಇದನ್ನು ಮುಗಿಸುವಂತಿಲ್ಲ, ನ್ಯಾಯಾಲಯಕ್ಕೆ ಹೋಗಲೇಬೇಕು. ಆದರೆ ಇದು ಜಾಮೀನು ಸಿಗುವ ಅಪರಾಧ. ಲೈಸೆನ್ಸಿನ ಮಾತು ಬೇರೆ: ಪೊಲೀಸರು ಅದನ್ನು ಆರ್‌ಟಿಓ ಕಚೇರಿಗೆ ಕಳಿಸುತ್ತಾರೆ, ಅಲ್ಲಿ ನಮ್ಮ ಮಾತನ್ನೂ ಕೇಳಿ, ಮೊದಲ ತಪ್ಪಾದರೆ ಮೂರು ತಿಂಗಳು ಅಮಾನತಿನಲ್ಲಿಡಬಹುದು, ಆಮೇಲೆ ಚಾಲಕರ ಪುನಶ್ಚೇತನ ತರಬೇತಿ ಮುಗಿಸಿದವರಿಗೆ ಅದನ್ನು ಮರಳಿಸುತ್ತಾರೆ. ಆದೇಶ ಸರಿಯಲ್ಲವೆನಿಸಿದರೆ 30 ದಿನಗಳೊಳಗೆ ಮೇಲ್ಮನವಿಗೂ ಅವಕಾಶವಿದೆ. ಹನ್ನೊಂದರಲ್ಲಿ ಏಳು ಭಯಗಳ ಮೇಲೆ ಅರ್ಧ ತಾಸಿನಲ್ಲಿ ಗೀಟು ಬಿದ್ದಿತ್ತು. ಜೈಲಿನದಕ್ಕೆ ಮಾತ್ರ ಅವರು ಗೀಟು ಹಾಕಲಿಲ್ಲ. 'ಮೊದಲ ತಪ್ಪಿಗೆ ದಂಡವಾಗುವುದನ್ನೇ ನಾನು ಹೆಚ್ಚು ಕಂಡಿದ್ದೇನೆ, ಆದರೆ ಮಾತು ಕೊಡಲಾರೆ' ಎಂದರು. ಆ ಪ್ರಾಮಾಣಿಕತೆ ನಮಗೆ ಹಿಡಿಸಿತು. ಸುಳ್ಳು ಭರವಸೆ ಒಂದು ರಾತ್ರಿಯ ನಿದ್ದೆ ಕೊಟ್ಟು ಮುಂದಿನ ಹತ್ತು ರಾತ್ರಿಗಳ ನಿದ್ದೆ ಕಸಿಯುತ್ತದೆ.

ಕೆಲಸದ ಭಯದ ಬಗ್ಗೆ ಅವರು ಹೇಳಿದ ಮಾತು ಇನ್ನೂ ಅನೇಕ ತರುಣರಿಗೆ ಉಪಯೋಗವಾದೀತು. ಮುಂದೆ ಎಲ್ಲಿಯಾದರೂ ನೌಕರಿಗೆ ಅರ್ಜಿ ಹಾಕುವಾಗ ಶಿಕ್ಷೆಯಾಗಿದೆಯೇ ಎಂದು ಕೇಳಿದ್ದರೆ ಮುಚ್ಚಿಡಬಾರದು. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಉದ್ಯೋಗದಾತರಿಗೆ ಕೊಡುವ ಇಂಥ ಮಾಹಿತಿ ಸತ್ಯವಾಗಿರಬೇಕೆಂದು ಸ್ಪಷ್ಟವಾಗಿ ಹೇಳಿದೆ. ಎಳೆ ವಯಸ್ಸಿನ ಕ್ಷುಲ್ಲಕ ಅಪರಾಧವನ್ನು ಉದ್ಯೋಗದಾತರು ವಿವೇಚನೆಯಿಂದ ನೋಡಬಹುದೆಂದೂ ಹೇಳಿದೆ. ಕುಡಿದು ಗಾಡಿ ಓಡಿಸುವುದನ್ನು ಕ್ಷುಲ್ಲಕವೆಂದು ಕರೆಯಲು ನಮಗಂತೂ ಮನಸ್ಸಿಲ್ಲ. ಆದರೂ ಬಚ್ಚಿಟ್ಟ ಸತ್ಯ ಒಪ್ಪಿಕೊಂಡ ಸತ್ಯಕ್ಕಿಂತ ದುಬಾರಿ ಎಂಬುದು ಅಲ್ಲಿ ನಮ್ಮ ಹುಡುಗನಿಗೆ ಮೊದಲ ಸಲ ಹೊಳೆಯಿತೆಂದು ತೋರುತ್ತದೆ. ಆ ದಿನವೇ ಕಂಪನಿಯ ಮೇಲಧಿಕಾರಿಗೆ ಎಲ್ಲವನ್ನೂ ತಿಳಿಸಿದ. ಅವರು ಬೈದರು. ಗಾಡಿಯ ಭತ್ಯೆ ನಿಲ್ಲುತ್ತದೆ, ಕೆಲಸ ಉಳಿಯುತ್ತದೆ ಎಂದರು.

ವಕೀಲರಿಗೆ ಕೊಡಲು ಶಕ್ತಿಯಿಲ್ಲದವರೂ ನಮ್ಮ ಓದುಗರಲ್ಲಿದ್ದಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಉಚಿತ ಕಾನೂನು ನೆರವು ದೊರೆಯುತ್ತದೆ. ತಾಲ್ಲೂಕು ಮಟ್ಟದಲ್ಲೂ ಇದರ ಸಮಿತಿಗಳಿವೆ. 15100 ಎಂಬ ಸಂಖ್ಯೆಗೆ ಫೋನು ಮಾಡಿದರೆ ದಾರಿ ತೋರಿಸುತ್ತಾರೆ.

ಭಯವಿದ್ದಲ್ಲಿ ಅದನ್ನು ಮಾರಿಕೊಳ್ಳುವವರೂ ಇರುತ್ತಾರೆ. ಸಮನ್ಸಿನ ಸುದ್ದಿ ಹೇಗೋ ತಿಳಿದು ಒಬ್ಬಾತ ಸಂಜೆಯ ಹೊತ್ತು ಮನೆಗೆ ಬಂದ. ಒಳ್ಳೆಯ ಬಟ್ಟೆ, ಮೆತ್ತಗಿನ ಮಾತು. ಇಪ್ಪತ್ತು ಸಾವಿರ ಕೊಟ್ಟರೆ ಕಾಗದವೇ ಇಲ್ಲದಂತೆ ಮಾಡಿಸುವೆನೆಂದ. ತಮ್ಮನ ಕೈ ಪೆಟ್ಟಿಗೆಯ ಬೀಗದ ಕಡೆ ಹೋದದ್ದನ್ನು ನಾವು ಕಂಡೆವು. ಅವನನ್ನು ನಾವು ದೂಷಿಸುವುದಿಲ್ಲ, ಹೆದರಿದ ತಂದೆ ಏನು ಬೇಕಾದರೂ ಮಾಡಿಯಾನು. ಬೇಡವೆಂದವನು ಹುಡುಗನೇ. 'ಅದು ಹೋದ್ರ ಇನ್ನೊಂದು ಮುಚ್ಚಿಡಬೇಕಾಕ್ಕೈತಿ ಅಪ್ಪಾ' ಎಂದ. ನಮ್ಮ ತಮ್ಮನ ಹೆಂಡತಿ ಬಂದವನಿಗೆ ಚಹಾ ಕೊಟ್ಟು ಕಳಿಸಿದಳು.

ಇಷ್ಟಾದರೂ ನಿದ್ದೆ ಮರಳಲಿಲ್ಲ. ಹಗಲಿನಲ್ಲಿ ಕಡಿಮೆಯಾದ ಭಯ ರಾತ್ರಿ ತನ್ನ ಪೂರ್ಣ ಗಾತ್ರಕ್ಕೆ ಬೆಳೆಯುತ್ತಿತ್ತು. ಒಮ್ಮೆ ತಾಯಿಯ ಎದುರಿಗೆ ಬದುಕು ಸಾಕೆಂಬ ಅರ್ಥದ ಮಾತೊಂದನ್ನು ಆಡಿದ. ಇಂಥ ಮಾತನ್ನು ಹುಡುಗಾಟವೆಂದು ತಳ್ಳಿಹಾಕುವ ಮನೆಗಳನ್ನು ನಾವು ಕಂಡಿದ್ದೇವೆ. ಹಾಗೆ ಮಾಡದೆ ಅವಳು ಅದೇ ರಾತ್ರಿ ನಮಗೆ ಫೋನು ಮಾಡಿದಳು. ನಾವು 14416ಕ್ಕೆ ಮಾಡಿಸಿದೆವು. ಟೆಲಿ ಮಾನಸ್ ಎಂಬ ಈ ಸರಕಾರಿ ಸಹಾಯವಾಣಿ 2022ರ ಅಕ್ಟೋಬರಿನಲ್ಲಿ ಆರಂಭವಾದದ್ದು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಮುಕ್ಕಾಲು ತಾಸು ಮಾತಾಡಿದರು. ಅವರ ಸಲಹೆಯಂತೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗೆ ಎರಡು ಸಲ ಹೋಗಿ ಬಂದ. ಜ್ವರಕ್ಕೆ ವೈದ್ಯರಲ್ಲಿಗೆ ಹೋದಷ್ಟೇ ಸಹಜವಾಗಿ ಹೋಗಿ ಬಂದನೆಂದು ಬರೆದರೆ ಸುಳ್ಳಾಗುತ್ತದೆ, ಮುಖ ಮುಚ್ಚಿಕೊಂಡೇ ಹೋದ. ಆದರೆ ಹೋದ.

ಹಾಳೆಯಲ್ಲಿ ಗೀಟು ಬೀಳದೆ ಉಳಿದವುಗಳಲ್ಲಿ ದೊಡ್ಡದು ಮದುವೆ. ನ್ಯಾಯಾಲಯದ ದಿನಾಂಕ ಮುಗಿಯುವವರೆಗೆ ಏನಾದರೊಂದು ನೆಪ ಹೇಳಿ ನಿಶ್ಚಿತಾರ್ಥ ಮುಂದೆ ಹಾಕೋಣ, ಆಮೇಲೆ ಅವರಿಗೆ ತಿಳಿಯುವ ಪ್ರಸಂಗವೇ ಬರುವುದಿಲ್ಲ ಎಂಬುದು ಮನೆಯ ಹೆಚ್ಚಿನವರ ಅಭಿಪ್ರಾಯ. ಇಲ್ಲಿ ನಾವು ಹಟ ಹಿಡಿದೆವು. ಒಂದು ಹೆಣ್ಣುಮಗಳು ತನ್ನ ಬಾಳನ್ನು ಕಟ್ಟಿಕೊಳ್ಳಲು ಬರುವ ಮನೆಯ ವಿಷಯ ಇದು. ತಿಳಿದುಕೊಂಡು ಹೂಂ ಅಥವಾ ಊಹೂಂ ಎನ್ನುವ ಹಕ್ಕು ಆಕೆಗಿದೆ. ತಮ್ಮ, ನಾವು, ಹುಡುಗ ಮೂವರೂ ಹಾವೇರಿಗೆ ಹೋದೆವು. ಅಲ್ಲಿ ಮಾತಾಡಿದವನು ಹುಡುಗನೇ. ಕುಡಿದದ್ದು ಎಷ್ಟು, ಎಷ್ಟನೆಯ ಸಲ, ಯಂತ್ರ ಏನು ತೋರಿಸಿತು, ಮುಂದೇನಾಗಬಹುದು ಎಂದು ಒಂದನ್ನೂ ಬಿಡದೆ ಹೇಳಿದ. ಹುಡುಗಿಯ ತಂದೆ ಬಹಳ ಹೊತ್ತು ಸುಮ್ಮನೆ ಕುಳಿತು, 'ಹೇಳಿದ್ದು ಛಲೋ ಆತು. ಆದ್ರ ನಾ ನನ್ನ ಮಗಳಿಗೆ ಉತ್ತರ ಕೊಡಬೇಕಲ್ರೀ' ಎಂದರು. ಊಟ ಹಾಕಿಯೇ ಕಳಿಸಿದರು.

ಆ ದಿನ ಮರಳುವಾಗ ಬಸ್ಸು ಹಾವೇರಿ ದಾಟುವುದರೊಳಗೆ ಹುಡುಗ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದ. ಹುಬ್ಬಳ್ಳಿಯಲ್ಲಿ ಎಬ್ಬಿಸಬೇಕಾಯಿತು. ಎಷ್ಟು ವಾರಗಳ ನಿದ್ದೆಯೋ. ಉತ್ತರ ಇನ್ನೂ ಬಂದಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ತಿಂಗಳ ನಂತರ ಬಂದ ಉತ್ತರ, ಈ ಸಂಬಂಧ ಬೇಡವೆಂದು. ಮನೆಯವರಿಗೆ ನಮ್ಮ ಮೇಲೆ ಸಿಟ್ಟು ಬಂದದ್ದು ಸಹಜ. ಕೆಲವರಿಗೆ ಈಗಲೂ ಇದೆ.

ಇಷ್ಟು ದಿನಗಳಲ್ಲಿ ನಮ್ಮ ಮನಸ್ಸಿನಿಂದ ಹೋಗದ ಇನ್ನೊಂದು ಸಂಗತಿಯಿದೆ. ಹನ್ನೊಂದು ಭಯಗಳ ಪಟ್ಟಿಯಲ್ಲಿ ಯಾರಿಗಾದರೂ ಗುದ್ದಿಬಿಟ್ಟಿದ್ದರೆ ಎಂಬುದು ಇರಲಿಲ್ಲ. ಅದನ್ನು ಆಗಲೇ ತೋರಿಸುವುದು ಬೇಡವೆಂದು ಬಿಟ್ಟಿದ್ದೆವು. ಮುಳುಗುವವನಿಗೆ ಮೊದಲು ಕೈ ಕೊಡಬೇಕು. ಹಾವೇರಿಯಿಂದ ಬಂದ ಮೇಲೆ ಒಂದು ಸಂಜೆ ಆ ಮಾತೆತ್ತಿದೆವು. 2022 ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅಜಾಗರೂಕತೆಯಿಂದ ಒಂದು ಜೀವ ಹೋದರೆ ಹಳೆಯ ದಂಡಸಂಹಿತೆಯಲ್ಲಿ ಎರಡು ವರ್ಷದವರೆಗೆ ಇದ್ದ ಶಿಕ್ಷೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಐದು ವರ್ಷದವರೆಗೆ ಆಗಿದೆ. ಇದನ್ನೆಲ್ಲ ಹೇಳಿ, ಆ ರಾತ್ರಿ ನಿನ್ನನ್ನು ತಡೆದ ಪೇದೆಯ ಮೇಲೆ ಸಿಟ್ಟಿದೆಯೇ ಎಂದು ಕೇಳಿದೆವು. 'ಇತ್ತು' ಎಂದ.

ನ್ಯಾಯಾಲಯದ ದಿನ ನಾವು ಎಣಿಸಿದಷ್ಟು ಭೀಕರವಾಗಿರಲಿಲ್ಲ. ಬೆಳಿಗ್ಗೆ ಹತ್ತೂವರೆಗೆ ಹೋಗಿ ಬೆಂಚಿನ ಮೇಲೆ ಕುಳಿತವರು ಮಧ್ಯಾಹ್ನ ಎರಡರವರೆಗೂ ಕುಳಿತೆವು. ಹೆಸರು ಕೂಗಿದರು, ನಿಂತ, ತಪ್ಪೊಪ್ಪಿಕೊಂಡ. ನಾಲ್ಕು ನಿಮಿಷವೂ ಆಗಲಿಲ್ಲ. 10,000 ರೂಪಾಯಿ ದಂಡ. ತಮ್ಮ ಹಣ ತಂದಿದ್ದ. ಹುಡುಗ ತನ್ನ ಸಂಬಳದಿಂದಲೇ ಕಟ್ಟಿ ರಸೀದಿ ಪಡೆದ. ಮನೆಯವರು ಬುತ್ತಿ ಕಟ್ಟಿಕೊಟ್ಟಿದ್ದರು. ನ್ಯಾಯಾಲಯದ ಆವರಣದ ಬೇವಿನ ಮರದ ಕೆಳಗೆ ಮೂವರೂ ರೊಟ್ಟಿ ತಿಂದೆವು.

ಲೈಸೆನ್ಸು ಮೂರು ತಿಂಗಳು ಅಮಾನತಾಯಿತು. ಹುಬ್ಬಳ್ಳಿ ಧಾರವಾಡದ ನಡುವೆ ಚಿಗರಿ ಬಸ್ಸು, ಉಳಿದ ಊರುಗಳಿಗೆ ಕೆಂಪು ಬಸ್ಸು ಹಿಡಿದು, ಔಷಧದ ಚೀಲ ಹೆಗಲಿಗೇರಿಸಿ ತಿರುಗಿದ. ಆರು ಕೆ.ಜಿ. ಇಳಿದ. ಯಾಕಪ್ಪಾ ಬೈಕು ಎಲ್ಲಿ ಎಂದು ಕೇಳಿದ ವೈದ್ಯರಿಗೆಲ್ಲ ಇದ್ದದ್ದನ್ನು ಇದ್ದಂತೆಯೇ ಹೇಳಿದನಂತೆ; ನವಲಗುಂದದ ಒಬ್ಬ ವೈದ್ಯರು ಮಾತ್ರ ಒಳಗೆ ಕರೆದು ಕೂರಿಸಿ ಚಹಾ ತರಿಸಿದರಂತೆ. ತರಬೇತಿ ಮುಗಿಸಿ 2025ರ ಮೇ ತಿಂಗಳಲ್ಲಿ ಲೈಸೆನ್ಸು ಮರಳಿ ಪಡೆದ ದಿನ ಗಾಡಿಯ ಕೀಲಿಕೈಯನ್ನು ತಾಯಿಯ ಕೈಗೆ ಕೊಟ್ಟ. ಅವಳು ಅದನ್ನು ಅಡುಗೆಮನೆಯ ಮೊಳೆಗೆ ತೂಗುಹಾಕಿದಳು. ಮುಂದೆ ಎರಡು ವಾರ ಅದು ಅಲ್ಲಿಯೇ ಇತ್ತು, ಅವನು ಬಸ್ಸಿನಲ್ಲಿಯೇ ಹೋದ.