ಗುಳೆ ಬಂದ ಗಡಿಯಾರಗಳು

ಕೂಡ್ಲಿಗಿಯಲ್ಲಿ ಬಸ್ಸಿಳಿದಾಗ ಕೈಗಡಿಯಾರ ಹನ್ನೆರಡು ತೋರಿಸುತ್ತಿತ್ತು. ನೆರಳು ಮಾತ್ರ ಇನ್ನೂ ಪಡುವಣಕ್ಕೆ ಚಾಚಿಕೊಂಡಿತ್ತು. ಬೇಸಿಗೆಯ ಬಿಸಿಲು ನೆತ್ತಿಗೆ ಬರಲು ಯಾಕೋ ಮೀನಮೇಷ ಎಣಿಸುತ್ತಿದೆ ಎನಿಸಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಿದೆ. ದೇಶದ ಸರ್ಕಾರಿ ಗಡಿಯಾರಗಳು 1906ರ ಜನವರಿ 1ರಿಂದ ಎಂಬತ್ತೆರಡೂವರೆ ಡಿಗ್ರಿ ರೇಖಾಂಶಕ್ಕೆ ಕೈಮುಗಿದು ನಡೆಯುತ್ತಿವೆ. ಕೂಡ್ಲಿಗಿ ಇರುವುದು ಎಪ್ಪತ್ತಾರು ದಾಟಿ ಸ್ವಲ್ಪ ಆಚೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಇಲ್ಲಿನ ಸೂರ್ಯ ಸರ್ಕಾರಿ ಸಮಯಕ್ಕಿಂತ ಸರಾಸರಿ 24 ನಿಮಿಷ ಹಿಂದೆ. ಇಪ್ಪತ್ನಾಲ್ಕು ನಿಮಿಷವೆಂದರೆ ಹಳೇ ಲೆಕ್ಕದಲ್ಲಿ ಸರಿಯಾಗಿ ಒಂದು ಗಳಿಗೆ! ತಳದಲ್ಲಿ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟು, ಅದು ಮುಳುಗುವಷ್ಟು ಹೊತ್ತನ್ನು ಗಳಿಗೆ ಎಂದ ಹಿರಿಯರ ಅಳತೆ ಕೂಡ್ಲಿಗಿಯ ಆಕಾಶದಲ್ಲಿ ಹೀಗೆ ಉಳಿದುಕೊಂಡಿದೆ. ಆ ಕಟ್ಟೆಯ ಮೇಲೆ ನಾನೊಬ್ಬನೇ ನಗುತ್ತಿದ್ದುದನ್ನು ಕಂಡು ಪಕ್ಕದ ಅಜ್ಜಿ ತನ್ನ ಗಂಟನ್ನು ಕೊಂಚ ಆಚೆ ಸರಿಸಿಕೊಂಡಳು.

ನಾನು ಹೊರಟದ್ದು ಗಡಿಯಾರ ಕೊಳ್ಳಲು. ಬೇಕೆಂದು ಆಸೆಪಟ್ಟಿದ್ದು ಸ್ವೀಡನ್ನಿನದು. ಅಲ್ಲಿನ ಡಾಲಾರ್ನಾ ಸೀಮೆಯಲ್ಲಿ ಮೋರಾ ಎಂಬ ಊರಿದೆ. ಆ ಊರಿನ ಹೆಸರು ಹೊತ್ತ ನಿಲುವುಗಡಿಯಾರಗಳು ಆಳೆತ್ತರ ಮೀರುತ್ತವೆ. ದುಂಡು ಮುಖ, ಸಣ್ಣ ಕೊರಳು, ಉಬ್ಬಿದ ಹೊಟ್ಟೆ, ಅಗಲ ಪಾದ. ಕೆಲವಕ್ಕೆ ಮೈತುಂಬ ಬಣ್ಣದ ಬಳ್ಳಿ, ಹೂವು. ಹೊಟ್ಟೆ ಉಬ್ಬಿರುವುದು ಬರೀ ಚೆಲುವಿಗಲ್ಲ. ಸೆಕೆಂಡಿಗೊಮ್ಮೆ ಟಿಕ್ಕೆನ್ನುವ ಲೋಲಕ ಒಂದು ಮೀಟರಿಗೆ ಚೂರೇ ಕಡಿಮೆ ಉದ್ದವಿರಬೇಕು, ಅದು ಅತ್ತಿತ್ತ ತೂಗಲು ಜಾಗ ಬೇಕು. ಸಿಕ್ಕಿರುವ ಮೋರಾ ಗಡಿಯಾರಗಳಲ್ಲಿ ಹಳೆಯದರ ಮೇಲೆ 1792 ಎಂದಿದೆ. ಕಂಪನಿ ಸರ್ಕಾರ ಮದರಾಸಿನ ನುಂಗಂಬಾಕ್ಕಂನಲ್ಲಿ ವೀಕ್ಷಣಾಲಯ ಕಟ್ಟಿದ್ದೂ ಅದೇ 1792ರಲ್ಲಿ. ಮುಂದೆ ನಮ್ಮ ರೈಲುಗಳು ಓಡಿದ್ದು ಆ ವೀಕ್ಷಣಾಲಯದ ಹೊತ್ತಿಗೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳೆಲ್ಲ 1953ರವರೆಗೆ ಮದರಾಸಿನ ಆಡಳಿತದಲ್ಲೇ ಇದ್ದವು.

ಸ್ವೀಡನ್ನಿನಿಂದ ಅಂಥದೊಂದನ್ನು ತರಿಸುವ ಸಾಗಣೆ, ವಿಮೆ, ಸುಂಕದ ಲೆಕ್ಕ ನೋಡಿಯೇ ನನಗೆ ಬೆವರು ಬಂದಿತ್ತು. ಆಗ ಕೊಟ್ಟೂರಿನ ಗೆಳೆಯರೊಬ್ಬರು, "ಹಳೇ ಗಡಿಯಾರ ಬೇಕಂದ್ರ ನಮ್ಮ ಕಡೆ ಬರ್ರಿ. ಮನಿಮನಿಗೂ ಗ್ವಾಡಿ ಮ್ಯಾಲೆ ಅದಾವು. ಕೊಡ್ತಾರೋ ಬಿಡ್ತಾರೋ ಅದು ಬ್ಯಾರೆ ಮಾತು" ಎಂದಿದ್ದರು.

ಕೂಡ್ಲಿಗಿಯ ಬಸ್‌ಸ್ಟ್ಯಾಂಡಿನಲ್ಲಿ ಅಜ್ಜಿಯ ಗಂಟಿನಲ್ಲಿದ್ದುದು ಪಾತ್ರೆಪಗಡ, ಒಂದು ಕಂಬಳಿ, ಮೊಮ್ಮಗಳ ಸ್ಲೇಟು. ಚಿಕ್ಕಮಗಳೂರು ಕಡೆಯ ಕಾಫಿ ತೋಟದಿಂದ ಮಗನ ಸಂಸಾರ ಮರಳಿದೆ, ಮುಂದಿನ ಸಲ ಮಂಡ್ಯಕ್ಕೆ ಕಬ್ಬು ಕಡಿಯಲು ಹೋಗುತ್ತದಂತೆ. ಈ ಸೀಮೆಯಲ್ಲಿ ಗುಳೆ ಹೊಸದೇನಲ್ಲ. ಮಳೆ ಕೈಕೊಟ್ಟರೆ ತಾಂಡಾಗಳಿಗೆ ಬೀಗ. ಮೋರಾದ ಕತೆ ಓದಿದ್ದವನಿಗೆ ಅಲ್ಲಿ ಕೂತಲ್ಲೇ ಮೈ ಜುಂ ಎಂದಿತು. ಆ ಗಡಿಯಾರ ಮಾಡಿದವರೂ ಗುಳೆ ಹೋಗುವ ಸೀಮೆಯ ರೈತರೇ. ಡಾಲಾರ್ನಾದಲ್ಲಿ ಮಕ್ಕಳೆಲ್ಲರಿಗೂ ಹೊಲ ಹಂಚುವ ಪದ್ಧತಿಯಿಂದ ಜಮೀನು ತುಂಡುತುಂಡಾಗಿ, ಒಬ್ಬೊಬ್ಬರಿಗೂ ಸಿಕ್ಕಿದ್ದು ಬಟ್ಟೆ ಒಣಹಾಕುವಷ್ಟು ನೆಲ. ಗಂಡಸರು, ಹೆಂಗಸರು ಸ್ಟಾಕ್‌ಹೋಮಿಗೆ ಕೂಲಿಗೆ ನಡೆದರು. ಊರಲ್ಲಿ ಉಳಿದವರು ಚಳಿಗಾಲದಲ್ಲಿ ಗಡಿಯಾರಕ್ಕೆ ಕೈಹಾಕಿದರು. ಒಂದು ಮನೆ ಹಿತ್ತಾಳೆ ಎರಕ ಹೊಯ್ದರೆ, ಇನ್ನೊಂದು ಹಲ್ಲು ಕೊರೆಯುತ್ತಿತ್ತು, ಮತ್ತೊಂದು ಮುಳ್ಳು ಮಾಡುತ್ತಿತ್ತು. ಅರಮನೆಯ ಸಾಮಾನೆಂದು ನಾನು ತಿಳಿದಿದ್ದ ಆ ಬಣ್ಣದ ಗಡಿಯಾರ ಹುಟ್ಟಿದ್ದು ಬಡವರ ಅಡುಗೆಮನೆಗಳಲ್ಲಿ.

ಕೊಟ್ಟೂರು ಬೇರೆಯದೇ ಲೋಕ. ಗುರು ಕೊಟ್ಟೂರೇಶ್ವರನ ತೇರಿನ ಊರು, ಮಂಡಕ್ಕಿ ಮಿರ್ಚಿಯ ಊರು, ಹಳೇ ವ್ಯಾಪಾರದ ಊರು. ಹೊಸಪೇಟೆಯಿಂದ ಬಂದ ಮೀಟರ್‌ಗೇಜ್ ರೈಲು ದಶಕಗಳ ಕಾಲ ಇಲ್ಲಿಗೇ ಮುಗಿಯುತ್ತಿತ್ತು. ಇಲ್ಲಿಂದ ಅರಳೆ, ಶೇಂಗಾ ಹೋದವು. ಪೇಟೆ ಸಾಮಾನು ಬಂತು. ಹಾಗೆ ಬಂದ ಸಾಮಾನಿನಲ್ಲಿ ಗಡಿಯಾರವೂ ಇತ್ತು.

ಗೆಳೆಯರು ಕರೆದುಕೊಂಡು ಹೋದ ಮಾಳಿಗೆ ಮನೆಯ ಪಡಸಾಲೆಯಲ್ಲಿ, ಕೊಟ್ಟೂರೇಶ್ವರನ ಪಟದ ಪಕ್ಕದಲ್ಲೇ ಅದು ನೇತಾಡುತ್ತಿತ್ತು. ಎಂಟು ಮೂಲೆಯ ಮರದ ಚೌಕಟ್ಟು, ಕೆಳಗೆ ಗಾಜಿನ ಕಿಂಡಿ, ಅದರ ಮೇಲೆ ಮಾಸಿದ ಚಿನ್ನದ ಗೆರೆಗಳು, ಹಿಂದೆ ಹಿತ್ತಾಳೆ ಬಿಲ್ಲೆಯ ಲೋಲಕ. ಡಯಲ್ಲಿನ ಮೇಲೆ ಕಣ್ಣು ಕಿರಿದು ಮಾಡಿ ಓದಿದರೆ ಆನ್ಸೋನಿಯಾ, ನ್ಯೂಯಾರ್ಕ್. ನನಗೆ ಉಸಿರು ಸಿಕ್ಕಿಕೊಂಡಿತು.

ಯಾಕೆಂದರೆ ಮೋರಾ ಗಡಿಯಾರವನ್ನು ಕೊಂದದ್ದು ಇದೇ ಬಳಗ. ಅಮೆರಿಕದ ಕನೆಕ್ಟಿಕಟ್ಟಿನಲ್ಲಿ ಚಾನ್ಸಿ ಜೆರೋಮ್ ಎಂಬಾತ ಹಿತ್ತಾಳೆ ತಗಡನ್ನು ಅಚ್ಚಿನಲ್ಲಿ ಒತ್ತಿ ಚಕ್ರಗಳನ್ನು ರಾಶಿಗಟ್ಟಲೆ ಉದುರಿಸುವ ದಾರಿ ಹಿಡಿದ. 1842ರಲ್ಲಿ ಅವನ ಸರಕು ಇಂಗ್ಲೆಂಡಿನ ಬಂದರಿಗೆ ಬಂದಾಗ ಸುಂಕದವರು ಬೆಲೆ ನೋಡಿ ನಂಬಲಿಲ್ಲ. ತೆರಿಗೆ ತಪ್ಪಿಸಲು ಸುಳ್ಳು ಬರೆದಿದ್ದಾನೆಂದು, ಬರೆದ ಬೆಲೆಯ ಮೇಲೆ ನೂರಕ್ಕೆ ಹತ್ತು ಸೇರಿಸಿ ತಾವೇ ಕೊಂಡುಬಿಟ್ಟರು. ಜೆರೋಮನಿಗೆ ಅದಕ್ಕಿಂತ ಒಳ್ಳೆಯ ಗಿರಾಕಿ ಎಲ್ಲಿ? ಇನ್ನೊಂದು ಹಡಗು ತುಂಬಿ ಕಳಿಸಿದ! ಸೇಥ್ ಥಾಮಸ್, ಆನ್ಸೋನಿಯಾ, ಜರ್ಮನಿಯ ಯುಂಗ್‌ಹನ್ಸ್ ಎಲ್ಲರೂ ಅದೇ ದಾರಿ ತುಳಿದರು. ಅವರ ಅಗ್ಗದ ಗಡಿಯಾರಗಳು ಸ್ವೀಡನ್ನಿಗೂ ನುಗ್ಗಿದಾಗ ಹತ್ತೊಂಬತ್ತನೇ ಶತಮಾನ ಮುಗಿಯುವುದರೊಳಗೆ ಮೋರಾದ ಅಡುಗೆಮನೆಗಳು ಸುಮ್ಮನಾದವು. ಅದೇ ಸೀಮೆಯ ಓಸ್ಟ್‌ನೂರ್ ಹಳ್ಳಿಯವರು ಚಾಕು ಮಾಡಲು ತಿರುಗಿದರು. ಮೋರಾ ಚಾಕು ಇವತ್ತಿಗೂ ಲೋಕಪ್ರಸಿದ್ಧ. ಅತ್ತ ಮೋರಾವನ್ನು ನುಂಗಿದ ಸರಕೇ ಇತ್ತ ರೈಲು ಹತ್ತಿ ಕೊಟ್ಟೂರಿಗೆ ಬಂದಿದೆ. ಸತ್ತವನನ್ನು ಹುಡುಕಿ ಹೊರಟವನಿಗೆ ಕೊಂದವನು ದೇವರ ಪಟದ ಪಕ್ಕ ವಿಭೂತಿ ಹಚ್ಚಿಕೊಂಡು ಎದುರಾದ. ಹೌದು, ಚೌಕಟ್ಟಿನ ನೆತ್ತಿಗೆ ಮೂರು ಬೆರಳಿನ ವಿಭೂತಿ ಇತ್ತು. ಆನ್ಸೋನಿಯಾದ ಗತಿಯೂ ಅಷ್ಟೇ ಆಯಿತೆನ್ನಿ: 1929ರಲ್ಲಿ ಕಂಪನಿ ಮುಳುಗಿ ಅದರ ಯಂತ್ರಗಳನ್ನು ಸೋವಿಯತ್ ರಷ್ಯಾ ಕೊಂಡುಕೊಂಡು ಹೋಯಿತು.

"ನಮ್ಮಜ್ಜ ಅರಳಿ ಮಾರಾಕ ಹೋದಾಗ ತಂದಿದ್ದಂತ್ರೀ. ಸೋಮವಾರ ಬೆಳಿಗ್ಗೆ ಜಳಕ ಮಾಡಿ, ಪೂಜಿ ಮಾಡಿ, ಕೀಲಿ ಕೊಡೋದು. ಎಂಟು ದಿನ ಓಡ್ತೈತಿ" ಎಂದರು ಮನೆಯ ಯಜಮಾನರು. ಬಲಗಡೆಯ ತೂತು ಮುಳ್ಳುಗಳಿಗೆ, ಎಡಗಡೆಯದು ಗಂಟೆ ಬಾರಿಸಲು. ಎರಡಕ್ಕೂ ಒಂದೇ ಕೀಲಿ, ಅದು ಹಳೆಯ ದಾರದಲ್ಲಿ ಮೊಳೆಗೆ ನೇತು ಬಿದ್ದಿತ್ತು. ದಾರ ನಿಮ್ಮ ಜನಿವಾರದಷ್ಟು ಹಳೆಯದು ಅಂದೆ. "ನಾವು ಜನಿವಾರದವರಲ್ರೀ, ಲಿಂಗದವರು" ಎಂದು ನಕ್ಕರು. ಬೇಸಿಗೆಯಲ್ಲಿ ಗಡಿಯಾರ ಹಿಂದೆ ಬೀಳುತ್ತದೆಂದೂ, ಯುಗಾದಿಯ ಹೊತ್ತಿಗೆ ಬಿಲ್ಲೆಯ ಕೆಳಗಿನ ತಿರುಪನ್ನು ಕೂದಲೆಳೆಯಷ್ಟು ತಿರುವಿ ಬಿಲ್ಲೆಯನ್ನು ಮೇಲೇರಿಸುವುದಾಗಿಯೂ ಹೇಳಿದರು. ಅವರು ಭೌತಶಾಸ್ತ್ರ ಓದಿದವರಲ್ಲ. ಉಕ್ಕಿನ ಕಡ್ಡಿ ಕಾದರೆ ಉದ್ದವಾಗುತ್ತದೆ, ಒಂದು ಡಿಗ್ರಿ ಸೆಲ್ಸಿಯಸ್ಸಿಗೆ ದಿನಕ್ಕೆ ಸುಮಾರು ಅರ್ಧ ಸೆಕೆಂಡು ತಡವಾಗುತ್ತದೆ. ಚಳಿಗಾಲದ ಇಪ್ಪತ್ತರಿಂದ ಬೇಸಿಗೆಯ ನಲವತ್ತಕ್ಕೆ ಬಂದರೆ ದಿನಕ್ಕೆ ಹತ್ತು ಸೆಕೆಂಡು, ವಾರಕ್ಕೆ ಒಂದು ನಿಮಿಷಕ್ಕೂ ಮೇಲು. ಈ ಲೆಕ್ಕ ಆ ಮನೆಯಲ್ಲಿ ಮೂರು ತಲೆಮಾರಿನ ಬೆರಳ ತುದಿಯಲ್ಲಿ ಕೂತಿದೆ.

ಮಾರುವ ಮಾತೆತ್ತಿದೆ. ಯಜಮಾನರು ಮಾತು ಬದಲಿಸದೆ, ಮುಖ ಗಂಟಿಕ್ಕದೆ, "ಮಿರ್ಚಿ ತಣ್ಣಗಾಗ್ತಾವು, ತಗೊಳ್ರಿ" ಎಂದರು. ಈ ಸೀಮೆಯಲ್ಲಿ ಇಲ್ಲ ಎನ್ನುವ ಕ್ರಮ ಇದು.

ಹಗರಿಬೊಮ್ಮನಹಳ್ಳಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಲ್ಲಿನ ಗುಜರಿ ಅಂಗಡಿಯವನು, "ಅಂಥವು ಬರ್ತಿದ್ವು ಸಾರ್, ಮರ ಒಲೆಗೆ, ಹಿತ್ತಾಳಿ ಕೇಜಿ ಲೆಕ್ಕದಾಗ" ಎಂದು ತಕ್ಕಡಿ ತೋರಿಸಿದ. ಅವನ ತಲೆಯ ಮೇಲೆ ಪ್ಲಾಸ್ಟಿಕ್ಕಿನ ಬ್ಯಾಟರಿ ಗಡಿಯಾರ ಓಡುತ್ತಿತ್ತು. ಹತ್ತಿರದ ಅಂಕಸಮುದ್ರದ ಕೆರೆಗೆ ಹೋಗಿ, ನೀರಲ್ಲಿ ನಿಂತ ಜಾಲಿಮರಗಳ ಮೇಲೆ ಗೂಡು ಕಟ್ಟುವ ಹಕ್ಕಿಗಳನ್ನು ನೋಡಿ ಮನಸ್ಸು ಹಗುರ ಮಾಡಿಕೊಂಡೆ. ರಾಮ್ಸರ್ ಪಟ್ಟಿಗೆ 2024ರಲ್ಲಿ ಸೇರಿದ ಕೆರೆ ಅದು.

ಹೂವಿನಹಡಗಲಿಗೆ ರೈಲಿಲ್ಲ. ಆದರೂ ಈ ಸೀಮೆಯಲ್ಲಿ ಹೊತ್ತಿಗೆ ಅಂಜುವ ಊರೆಂದರೆ ಅದೇ. ಇಲ್ಲಿನ ಮಲ್ಲಿಗೆಗೆ ಭೌಗೋಳಿಕ ಮಾನ್ಯತೆ ಇದೆ. ಮೊಗ್ಗನ್ನು ನಸುಕಿನಲ್ಲೇ ಬಿಡಿಸಬೇಕು, ಅರಳುವುದರೊಳಗೆ ಪೇಟೆ ಮುಟ್ಟಿಸಬೇಕು. ಬಸ್ಸು ತಪ್ಪಿದರೆ ಅಂದಿನ ಬೆಲೆ ಹೋಯಿತು. ಹೂ ಕಟ್ಟುವ ಹೆಂಗಸರ ಬೆರಳಿನ ವೇಗ ನೋಡುತ್ತ ಒಂದು ಮನೆಯ ಕಟ್ಟೆಯ ಮೇಲೆ ಕೂತಿದ್ದಾಗ ಒಳಗಿನಿಂದ ಗಡಿಯಾರ ಗಂಭೀರವಾಗಿ ಹನ್ನೊಂದು ಬಾರಿಸಿತು. ಆಗಿನ್ನೂ ಏಳು ಗಂಟೆ!

"ನಾಲ್ಕು ಕಳೀಬೇಕ್ರಿ" ಎಂದಳು ಮನೆಯಾಕೆ, ಹೂವಿನಿಂದ ಕಣ್ಣೆತ್ತದೆ.

ಒಳಗೆ ಹೋಗಿ ನೋಡಿದೆ. ಜಪಾನಿನ ಸೈಕೋಷಾ. ಹಳೇ ಗಡಿಯಾರಗಳಲ್ಲಿ ಎಷ್ಟು ಬಾರಿಸಬೇಕೆಂಬುದನ್ನು ಅಂಚಿನಲ್ಲಿ ಕಚ್ಚು ಕೊರೆದ ಒಂದು ಚಕ್ರ ಎಣಿಸುತ್ತದೆ. ಅದಕ್ಕೂ ಮುಳ್ಳಿಗೂ ನೇರ ನಂಟಿಲ್ಲ. ಯಾರೋ ಮುಳ್ಳನ್ನು ಅವಸರದಲ್ಲಿ ತಿರುಗಿಸಿದರೆ ಗಂಟೆಯ ಎಣಿಕೆ ಹಿಂದೋ ಮುಂದೋ ಆಗಿ ಹಾಗೇ ನಿಂತುಬಿಡುತ್ತದೆ. ಐದು ನಿಮಿಷದಲ್ಲಿ ಸರಿಮಾಡಬಹುದು, ಮಾಡಿಕೊಡಲೇ ಎಂದೆ. ಆಕೆ ಒಪ್ಪಲಿಲ್ಲ. "ನಮ್ಮತ್ತಿ ಇದ್ದಾಗಿಂದ ಹಂಗ ಐತಿ. ಈಗ ಸರಿ ಆದ್ರ ನಮಗ ಲೆಕ್ಕ ತಪ್ಪತೈತಿ." ಇದಕ್ಕೇನು ಉತ್ತರವಿದೆ? ಮೈಲಾರದ ಕಾರಣಿಕವೂ ಈ ತಾಲ್ಲೂಕಿನದೇ. ಬಿಲ್ಲೇರಿದ ಗೊರವಯ್ಯನ ಒಂದೇ ಮಾತಿನಿಂದ ಇಡೀ ವರ್ಷದ ಮಳೆಬೆಳೆಯ ಅರ್ಥ ತೆಗೆಯಬಲ್ಲವರಿಗೆ ಹನ್ನೊಂದರಲ್ಲಿ ನಾಲ್ಕು ಕಳೆಯುವುದು ಯಾವ ದೊಡ್ಡ ಕೆಲಸ.

ಹರಪನಹಳ್ಳಿಗೆ ಬರುವಷ್ಟರಲ್ಲಿ ಕೊಳ್ಳುವ ಆಸೆ ಅರ್ಧ ಬಿಟ್ಟಿದ್ದೆ. ಈ ಊರಿಗಾದ ಅಲೆದಾಟ ಸಣ್ಣದಲ್ಲ. ಬಳ್ಳಾರಿ ಜಿಲ್ಲೆಯಲ್ಲಿದ್ದದ್ದು 1997ರಲ್ಲಿ ದಾವಣಗೆರೆಗೆ ಹೋಯಿತು, ಮರಳಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಪೇಟೆಯ ಒಂದು ಓಣಿಯಲ್ಲಿ ಒಬ್ಬರೇ ಕೂರುವಷ್ಟು ಅಗಲದ ರಿಪೇರಿ ಅಂಗಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಸಾಹೇಬರು ಎಚ್ಎಂಟಿ ಕೈಗಡಿಯಾರವೊಂದರ ಹೊಟ್ಟೆ ಬಿಚ್ಚಿದ್ದರು. ನನ್ನ ಕತೆಯನ್ನೆಲ್ಲ ಕೇಳಿ, ಸ್ಟೂಲಿನ ಕೆಳಗಿನಿಂದ ಒಂದು ಬಿಸ್ಕತ್ತಿನ ಡಬ್ಬಿ ಎಳೆದರು.

"ಮಷೀನ್ ಐತಿ. ಮನಿ ಇಲ್ಲ."

ಪೆಟ್ಟಿಗೆಯನ್ನು ಗೆದ್ದಲು ತಿಂದಿತ್ತಂತೆ. ಡಬ್ಬಿಯಲ್ಲಿ ಎರಡು ಸ್ಪ್ರಿಂಗಿನ ಯಂತ್ರ, ಡಯಲ್ಲು, ಮುಳ್ಳುಗಳು, ಲೋಲಕ, ಸುರುಳಿ ತಂತಿಯ ಗಂಟೆ. ಹಿತ್ತಾಳೆ ಫಲಕದ ಮೇಲೆ ಎಂಟು ಮೊನೆಯ ನಕ್ಷತ್ರ, ನಡುವೆ ಜೆ ಅಕ್ಷರ. ಜರ್ಮನಿಯ ಶ್ರಾಂಬರ್ಗಿನ ಯುಂಗ್‌ಹನ್ಸ್. ಸಾಹೇಬರು ಅದನ್ನು ಎರಡು ಮೊಳೆಗಳ ನಡುವೆ ನಿಲ್ಲಿಸಿ, ಲೋಲಕ ತಗಲಿಸಿ, ಬೆರಳಲ್ಲಿ ದೂಡಿದರು. ಕಿವಿಗೊಟ್ಟು ಕೇಳಿ ಎಂದರು. ಟಿಕ್ಕಿಗೂ ಟಕ್ಕಿಗೂ ನಡುವಿನ ಬಿಡುವು ಸಮನಾಗಿರಬೇಕು, ಕುಂಟಿದರೆ ಗಡಿಯಾರ ಓರೆಯಾಗಿದೆ ಎಂದೇ ಅರ್ಥ. ಹಳೇ ಗಡಿಯಾರ ಕೊಳ್ಳುವಾಗ ಡಯಲ್ಲಿನ ಹೊಳಪಿಗೆ ಮರುಳಾಗಬೇಡಿ ಎಂದೂ ಹೇಳಿದರು. ಈಗ ಹೊಸ ಡಯಲ್ಲಿನ ಮೇಲೆ ಹಳೇ ಕಂಪನಿಯ ಹೆಸರು ಅಚ್ಚು ಹಾಕಿ, ಮೂರು ಗಡಿಯಾರದ ಎಲುಬು ಸೇರಿಸಿ ಒಂದು ಮಾಡಿ ಮಾರುವವರಿದ್ದಾರಂತೆ. ಹಿಂದಿನ ಹಲಗೆಯಲ್ಲಿ ಕೆಲಸಕ್ಕೆ ಬಾರದ ತಿರುಪಿನ ತೂತು ಕಂಡರೆ ಅನುಮಾನ ಪಡಬೇಕು. ಸ್ವೀಡನ್ನಿನಲ್ಲೂ ಮೋರಾ ಕೊಳ್ಳುವವರು ಎದುರಿಸುವ ಫಜೀತಿ ಇಂಥದ್ದೇ. ಹಳೇ ಹೂಬಳ್ಳಿಯ ಬಣ್ಣ ಕೆರೆದು, ಈಗಿನವರ ಮನೆಗೆ ಒಪ್ಪಲೆಂದು ಬೂದು, ಬಿಳಿ ಬಳಿದದ್ದೇ ಹೆಚ್ಚು ಸಿಗುತ್ತದೆ.

ಪೆಟ್ಟಿಗೆಯಿಲ್ಲದ ಯಂತ್ರ ಕಂಡು ನನಗೆ ಬೇಸರವಾಗಬೇಕಿತ್ತು. ಆಗಿದ್ದು ಹಿಗ್ಗು. ಮೋರಾದವರು ಮಾರುತ್ತಿದ್ದುದೂ ಹೆಚ್ಚಾಗಿ ಬರೀ ಯಂತ್ರವನ್ನೇ. ಬೆನ್ನಿಗೆ ಹೊತ್ತು ಊರೂರು ತಿರುಗುತ್ತಿದ್ದರು. ಕೊಂಡವರು ತಮ್ಮೂರಿನ ಬಡಗಿಯಿಂದ ಪೆಟ್ಟಿಗೆ ಮಾಡಿಸಿ, ತಮ್ಮೂರಿನ ಚಿತ್ರಗಾರನಿಂದ ಬಣ್ಣ ಬರೆಸುತ್ತಿದ್ದರು. ಅದಕ್ಕೇ ಒಂದೊಂದು ಸೀಮೆಯ ಗಡಿಯಾರಕ್ಕೆ ಒಂದೊಂದು ರೂಪ. ಓಂಗರ್‌ಮನ್‌ಲ್ಯಾಂಡ್ ಕಡೆಯವಂತೂ ಕಿರೀಟ ತೊಟ್ಟ ಮದುಮಗಳಂತಿದ್ದು, ಮದುಮಗಳು ಎಂಬ ಹೆಸರೇ ಅವಕ್ಕೆ ಬಿದ್ದಿದೆ.

ಚೌಕಾಸಿ ಹೆಚ್ಚು ಮಾಡಲಿಲ್ಲ. ನಾಲ್ಕೂವರೆ ಸಾವಿರಕ್ಕೆ ಕುದುರಿತು. ಡಬ್ಬಿಯನ್ನು ಸಾಹೇಬರೇ ಹಳೇ ಪೇಪರಿನಲ್ಲಿ ಸುತ್ತಿ ಸುತಳಿ ಬಿಗಿದುಕೊಟ್ಟರು. ನಿಲುವುಗಡಿಯಾರದ ಪೆಟ್ಟಿಗೆಗೆ ಈ ಗಿಡ್ಡ ಲೋಲಕ ಸಾಲದು, ಗೋಡೆಯ ಮೇಲಿನದನ್ನೇ ಮಾಡಿಸಿ ಎಂದು ಎಚ್ಚರಿಸಿದರು. ಪೆಟ್ಟಿಗೆಯ ಅಳತೆಯನ್ನು ಬೀಡಿ ಪೊಟ್ಟಣದ ಹಿಂದೆ ಬರೆದುಕೊಟ್ಟರು.

ಹರಿಹರದ ರೈಲಿಗೆ ಇನ್ನೂ ಹೊತ್ತಿತ್ತು. ಸ್ಟೇಷನ್ನಿನ ಬೆಂಚಿನಿಂದಲೇ ತುಂಗಭದ್ರೆಯ ಆಚೆಯ ಕಿನ್ನಾಳಕ್ಕೆ ಫೋನು ಮಾಡಿದೆ. ಅಲ್ಲಿನ ಚಿತ್ರಗಾರ ಮನೆತನಗಳು ಹುಣಸೆ ಬೀಜದ ಅಂಟಿಗೆ ಕಟ್ಟಿಗೆ ಪುಡಿ ಕಲಸಿ ಮರದ ಬಿರುಕು ಮುಚ್ಚಿ, ಅದರ ಮೇಲೆ ಬಣ್ಣ ಕಟ್ಟುವವರು. ಗೊಂಬೆ, ದೇವರ ಮೂರ್ತಿ, ಪಲ್ಲಕ್ಕಿಗಳಿಗೆ ರಂಗು ಕೊಟ್ಟ ಕೈಗಳು. ಗಡಿಯಾರದ ಪೆಟ್ಟಿಗೆಗೆ ಬಣ್ಣ ಹಾಕಿದ್ದೀರಾ ಎಂದು ಕೇಳಿದೆ. ಇಲ್ಲ, ಆದರೆ ಮರವೆಂದ ಮೇಲೆ ಯಾವುದಾದರೇನು ಎಂದರು ಆ ಕಡೆಯವರು. ಏನು ಬರೆಯಲಿ ಎಂದಾಗ ಹಡಗಲಿ ಮಲ್ಲಿಗೆಯ ಬಳ್ಳಿ ಎಂದೆ.

"ಬಿಳಿ ಹೂವು ಎದ್ದು ಕಾಣಬೇಕಂದ್ರ ನೆಲ ಕೆಂಪು ಹಾಕಬೇಕಾಗ್ತೈತಿ, ಇಲ್ಲಾ ಗಿಳಿಹಸಿರು. ಯಾವುದು ಹೇಳ್ರಿ. ಮತ್ತ ಸಾಗವಾನಿ ತರಬ್ಯಾಡ್ರಿ, ಭಾರ ಆಗ್ತೈತಿ. ನಾವು ಪೊಳಕಿ ಮರದಾಗ ಮಾಡೋದು. ಮಳಿಗಾಲದಾಗ ಅಂಟು ಒಣಗಂಗಿಲ್ಲ, ದಸರಾ ಮುಂದಿಟ್ಟುಕೊಂಡು ಬರ್ರಿ."

ಗಿಳಿಹಸಿರು ಎಂದು ಹೇಳಿ ಮುಂಗಡ ಎಷ್ಟು ಕಳಿಸಲಿ ಎಂದು ಕೇಳಿದೆ.